ಹನ್ನೆರಡು ಲೇನಿನ ಹಲಗೆ

ಜನವರಿ 7, ಗುರುವಾರ

ಗಾಜಿನ ಮೇಲಿನ ಹಿಮ ಕೆರೆದು ಕೆರೆದು ಬೆರಳು ಮರಗಟ್ಟಿದವು. ನನ್ನಾಕೆ ಬರ್ನಡೀನ್ ಆಗಲೇ ಕಾರಲ್ಲಿ ಕೂತು, ಕಂಬಳಿಯೊಳಗಿಂದ ಕೈ ತೆಗೆದು ವಾಚು ತೋರಿಸುತ್ತಿದ್ದಳು. ಅವಳ ಡಯಾಲಿಸಿಸ್‌ಗೆ ತಡವಾದರೆ ಇಡೀ ದಿನ ಏರುಪೇರು. ಮಂಗಳವಾರ, ಗುರುವಾರ, ಶನಿವಾರ — ನಮ್ಮ ವಾರ ಅಂದರೆ ಈಗ ಇಷ್ಟೇ.

ದಾರಿಯಲ್ಲಿ ಹಿಮ ತಳ್ಳುವ ಲಾರಿ ಸಿಕ್ಕಿತು, ಪುಣ್ಯ. ಅದರ ಹಿಂದಿನ ದೀಪ ಹಿಡಿದು ಹೋದೆ. ಅದು ನಿಂತರೆ ನಿಂತೆ, ಹೊರಟರೆ ಹೊರಟೆ. ಹೆದ್ದಾರಿ ಹತ್ತಿರ ಅದು ಎಡಕ್ಕೆ ತಿರುಗಿತು, ನಾನು ಬಲಕ್ಕೆ. ಅಲ್ಲಿಂದ ಆಸ್ಪತ್ರೆ ತನಕ ಉಸಿರು ಬಿಗಿಹಿಡಿದೇ ಓಡಿಸಿದೆ. ಬರ್ನಡೀನ್ ಬಾಯಿಗೆ ಬಿಡುವಿಲ್ಲ. ಅಯ್ಯೋ ಮತ್ತೆ ಕೆಂಪು ದೀಪ, ನಮ್ಮ ಹಣೆಬರಹವೇ ಇಷ್ಟು... ನೋಡು ಆ ಹೆಂಗಸು, ಮಗು ಎತ್ತಿಕೊಂಡು ರಸ್ತೆ ದಾಟುತ್ತಿದ್ದಾಳೆ... ಸ್ವಲ್ಪ ಸುಮ್ಮನಿರು ಅನ್ನಬೇಕೆನಿಸಿತು. ಅನ್ನಲಿಲ್ಲ.

ಅವಳು ಒಳಗಿದ್ದಾಗ ಗೆಳೆಯ ನುಂಜಿಯೋನ ಫೋನು. "ಸಿಕ್ತು ಕಣೋ ಕ್ಯಾಸ್" ಅಂದ. ಏನು ಅಂತ ಕೇಳಲಿಲ್ಲ. ದನಿಯಲ್ಲೇ ಗೊತ್ತಾಯಿತು. ಆಟದ ಕಾರು ಓಡಿಸುವ ನಮ್ಮ ಹಳೇ ಟ್ರ್ಯಾಕ್. ಹನ್ನೆರಡು ಲೇನಿನದು. ಯಾರದೋ ಕೊಟ್ಟಿಗೆಯಲ್ಲಿ, ಒಣಹುಲ್ಲಿನ ಕೆಳಗೆ, ತುಂಡು ತುಂಡಾಗಿ ಬಿದ್ದಿತ್ತಂತೆ. ತಿಂಗಳ ಕೊನೆಯ ಭಾನುವಾರ ರೇಸ್ ಇಟ್ಟೇ ಇಡುತ್ತೇನೆ ಅಂದ. ಅರವತ್ತೇಳನೇ ಇಸವಿಯ ಹಳಬರು ಉಳಿದಿರುವುದು ನಾವೇ ಮೂವರು — ಅವನು, ನಾನು, ಬರ್ನಡೀನ್.

ಖುಷಿಯಾಯಿತು. ಬರುತ್ತೇನೆ ಅಂದುಬಿಟ್ಟೆ, ಆಮೇಲೆ ಯಾಕಂದೆನೋ ಅನ್ನಿಸಿತು.

ಜನವರಿ 10, ಭಾನುವಾರ

ನುಂಜಿಯೋನ ಅಂಗಡಿ ಹಿಂದಿನ ಹಾಲಿಗೆ ಹೋಗಿದ್ದೆ. ಜೋಡಿಸಿ ನಿಲ್ಲಿಸಿಬಿಟ್ಟಿದ್ದಾನೆ. ಎಷ್ಟು ಅಗಲ! ಮರೆತೇಹೋಗಿತ್ತು. ಎಲ್ಲ ಕಡೆ ಎಂಟು ಲೇನ್ ಇರುತ್ತದೆ. ಇದು ಆಗ ಇದ್ದದ್ದು ಬೌಲಿಂಗ್ ಹಾಲಿನಲ್ಲಿ; ಅದರ ಯಜಮಾನ ಮುದುಕನಿಗೆ ದುರಾಸೆ, ಹನ್ನೆರಡು ಕೊರೆಸಿದ. ಹನ್ನೆರಡು ಹುಡುಗರು ಒಟ್ಟಿಗೆ ದುಡ್ಡು ಕೊಡುತ್ತಾರಲ್ಲ ಅಂತ. ಜೋಡಿ ಮಂಚದ ಅಗಲದ ಹಲಗೆ, ಕೋಣೆ ತುಂಬ ಸುತ್ತಿ ಬಳಸಿ ಓಡುತ್ತದೆ. ಹಲಗೆಯಲ್ಲಿ ಹನ್ನೆರಡು ಗೀರು, ಗೀರಿಗೊಂದು ಅಂಗೈಯಗಲದ ಕಾರು. ಕೈಯಲ್ಲಿ ಟ್ರಿಗರ್. ಒತ್ತಿದಷ್ಟು ಕರೆಂಟು, ಕರೆಂಟಿದ್ದಷ್ಟು ವೇಗ. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಕಾರು ಗೀರಿನಿಂದ ಹಾರಿ ಬೀಳುತ್ತದೆ. ಅದನ್ನು ಎತ್ತಿ ಮತ್ತೆ ಅದರದೇ ಗೀರಿಗೆ ಇಡುವವನು ಮಾರ್ಷಲ್. ಆಡಿದವನು ಮುಂದಿನ ಸುತ್ತಿಗೆ ಮಾರ್ಷಲ್ ಆಗಲೇಬೇಕು. ಅದು ಆಗಿನಿಂದ ಈಗಿನ ತನಕ ಕಾನೂನು.

ಆ ಅಗಲಕ್ಕೆ ನಡುವಿನ ಲೇನುಗಳು ಯಾರ ಕೈಗೂ ಎಟುಕುತ್ತಿರಲಿಲ್ಲ. ಬರ್ನಡೀನ್‌ಗೆ ಮಾತ್ರ ಎಟುಕುತ್ತಿತ್ತು. ಹದಿನೇಳು ವರ್ಷ, ಉದ್ದ ತೋಳು, ಯಾವನಿಗೂ ಕ್ಯಾರೇ ಅನ್ನದವಳು. ಒಳತಿರುವಿನಲ್ಲಿ ಹಲಗೆಯ ಮೇಲೆ ಬೋರಲು ಬಿದ್ದು, ಬರುವ ಕಾರುಗಳ ನಡುವೆ ಕೈ ತೂರಿಸಿ ನನ್ನದನ್ನು ಇಟ್ಟು ಎದ್ದುಬಿಡುತ್ತಿದ್ದಳು. ಅವಳು ಅಲ್ಲಿ ನಿಂತ ದಿನ ನನ್ನ ಕಾರು ಪದೇ ಪದೇ ಹಾರುತ್ತಿತ್ತು. ಬೇಕಂತಲೇ. ಎಷ್ಟು ರೇಸ್ ಸೋತೆನೋ ಲೆಕ್ಕವಿಲ್ಲ. ಇದನ್ನು ಅವಳಿಗೆ ಇವತ್ತಿನ ತನಕ ಹೇಳಿಲ್ಲ.

ಲೇನ್ ಪಕ್ಕದ ಬಣ್ಣದ ಪಟ್ಟಿಗಳು ಎದ್ದುಹೋಗಿದ್ದವು. ಹೊಸದು ಅಂಟಿಸಿದೆವು. ಕೆಂಪು, ಬಿಳಿ, ಹಸಿರು, ಕಿತ್ತಳೆ, ನೀಲಿ, ಹಳದಿ, ಆಮೇಲೆ ನಟ್ಟನಡುವೆ ನೇರಳೆ, ಕಪ್ಪು, ಕಂದು, ಅದರಾಚೆ ಇನ್ನೂ ಮೂರು. ಕಪ್ಪು ಕೊಡೋ ಅಂದ ನುಂಜಿಯೋ. ಕೊಟ್ಟೆ. ಇದು ಕಂದು ಕಣೋ ಅಂದ. ನಿನ್ನ ಹಾಲಿನ ದೀಪ ಸರಿಯಿಲ್ಲ ಅಂತ ಅವನನ್ನೇ ಬೈದೆ. ನಕ್ಕ.

ಡೆನೀಸ್ ನಗಲಿಲ್ಲ. ಅವಳು ಸ್ಕೂಲ್ ಬಸ್ ಓಡಿಸುವವಳು, ನಲವತ್ತರ ಆಸುಪಾಸು. ನುಂಜಿಯೋನ ಅಂಗಡಿಯಲ್ಲಿ ಬುಧವಾರ ರೇಸ್ ಆಡುವ ಗುಂಪಿನಲ್ಲಿ ಅವಳನ್ನು ಸೋಲಿಸುವವರಿಲ್ಲ. ಬಣ್ಣದ ಸುರುಳಿಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿದಳು. ಅಥವಾ ನೋಡಿದಳು ಅಂತ ನನಗನ್ನಿಸಿತು. ಮುಖ ಕಂಡರೆ ತಾನೇ.

ಜನವರಿ 14, ಗುರುವಾರ

ಬರೆದೇ ಬಿಡುತ್ತೇನೆ. ಕಣ್ಣು ಹೋಗುತ್ತಿದೆ. ನಡುಭಾಗ. ಬಾಗಿಲ ಚೌಕಟ್ಟು ನೋಡಿದರೆ ಸೊಟ್ಟ. ಸುತ್ತ ಎಲ್ಲ ಕಾಣುತ್ತದೆ, ನೇರ ನೋಡಿದ್ದು ಮಾತ್ರ ಕಲೆಸಿಹೋಗುತ್ತದೆ. ಎದುರು ಕೂತ ಬರ್ನಡೀನ್‌ಗೆ ಕೂದಲಿದೆ, ಕಿವಿಯಿದೆ, ಮುಖವಿಲ್ಲ. ಪಕ್ಕದ ಕಿಟಕಿ ನೋಡಿದರೆ ಮುಖ ಸ್ವಲ್ಪ ಬರುತ್ತದೆ. ಇದನ್ನು ಬರೆಯುವುದೂ ದಪ್ಪ ಪೆನ್ನಲ್ಲಿ, ಕಣ್ಣು ಓರೆ ಮಾಡಿಕೊಂಡು.

ಡಾಕ್ಟರ ಹತ್ತಿರ ಹೋಗಿಲ್ಲ. ಹೋದರೆ ಅವರು ಸರ್ಕಾರಕ್ಕೆ ತಿಳಿಸಲೇಬೇಕು, ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ಆಮೇಲೆ ಉಳಿಯುವುದು ರೋಗಿಗಳನ್ನು ಕರೆದೊಯ್ಯುವ ಕೌಂಟಿ ಸರ್ಕಾರದ ವ್ಯಾನು. ಹೋದ ಚಳಿಗಾಲ ನನಗೆ ನ್ಯುಮೋನಿಯ ಆದಾಗ ಅದರಲ್ಲೇ ಹೋಗಿದ್ದಳು. ಊರೆಲ್ಲ ಸುತ್ತಿಸಿ, ವಾಪಸು ಬರುವಾಗ ಮರೆತು, ಆಸ್ಪತ್ರೆ ಬಾಗಿಲಲ್ಲೇ ಬಿಟ್ಟಿದ್ದರು. ಮೈ ಸೋತು, ವಾಂತಿ ಮಾಡಿಕೊಂಡು, ಚಳಿಗೆ ನೀಲಿಗಟ್ಟಿ ಮನೆಗೆ ಬಂದವಳು ಕೋಟು ಬಿಚ್ಚುವ ಮೊದಲೇ ಹೇಳಿದಳು — "ಇನ್ನೊಂದ್ ಸಲ ಆ ವ್ಯಾನ್ ಹತ್ತೋ ಹಾಗಾದ್ರೆ ಡಯಾಲಿಸಿಸ್ ಬಿಟ್‌ಬಿಡ್ತೀನಿ. ತಮಾಷೆಗ್ ಹೇಳ್ತಿಲ್ಲ."

ಬಿಟ್ಟರೆ ಬದುಕುವುದು ವಾರ, ಎರಡು ವಾರ. ಬರ್ನಡೀನ್ ಆಡಿದ ಮಾತು ತಪ್ಪಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಓಡಿಸುತ್ತೇನೆ. ಹೆದರಿಕೆಯಾಗುತ್ತದೆ, ಓಡಿಸುತ್ತೇನೆ.

ಜನವರಿ 26, ಮಂಗಳವಾರ

ಇಷ್ಟು ದಿನ ಬರೆಯುವ ಮನಸ್ಸಾಗಲಿಲ್ಲ.

ಇವತ್ತು ಚರ್ಚಿನ ಹತ್ತಿರ ಬರ್ನಡೀನ್ "ನಿಲ್ಸು" ಅಂದಳು. ಕೂಗಲಿಲ್ಲ, ಅಂದಳು ಅಷ್ಟೇ. ಬ್ರೇಕ್ ಒತ್ತಿದೆ. ಕಾರು ಮಂಜುಗಡ್ಡೆಯ ಮೇಲೆ ಜಾರಿ ಅಡ್ಡ ನಿಂತಿತು. ಮುಂದೆ ಒಬ್ಬ ಮುದುಕ, ಕೈಯಲ್ಲಿ ನಾಯಿ ಹಗ್ಗ. ಬಂಪರ್ ಮೇಲೆ ಅಂಗೈ ಊರಿ ನಿಂತಿದ್ದ, ಅಷ್ಟು ಹತ್ತಿರ. ನಾಯಿ ಬೊಗಳುತ್ತಿತ್ತು. ಅವನು ಏನೂ ಅನ್ನದೆ ಹೋದ. ಎರಡು ಬೈದಿದ್ದರೆ ವಾಸಿಯಿತ್ತು.

ಹಾಳು ಮಂಜು ಅಂದೆ. ಹೌದು, ಮಂಜು ಅಂದಳು.

ಸಂಜೆ ಎಲೆಕೋಸು ತುಂಬಿದ ಕಡುಬು, ಪಿರೋಗಿ, ಮಾಡಿದೆ. ಕಿಡ್ನಿಯ ಪಥ್ಯ, ಆಲೂಗಡ್ಡೆ ಅವಳು ಮುಟ್ಟುವ ಹಾಗಿಲ್ಲ. ಎರಡು ತಿಂದು, ಭಾನುವಾರ ರೇಸಿಗೆ ಬರುತ್ತೇನೆ ಅಂದಳು. ಬೇಡ, ಚಳಿ, ದಣಿವಾಗುತ್ತದೆ ಅಂದೆ. ಅವಳು ಆಗಲೇ ನುಂಜಿಯೋಗೆ ಫೋನ್ ಮಾಡಿ ಕುರ್ಚಿ ಹಾಕಿಸಿಬಿಟ್ಟಿದ್ದಾಳೆ.

ಜನವರಿ 31, ಭಾನುವಾರ, ಸಂಜೆ

ರೇಸ್ ಮುಗಿಸಿ ಈಗಷ್ಟೇ ಮನೆಗೆ ಬಂದೆವು.

ಮೊದಲ ಸುತ್ತು ನಾನು ಆಡಿದೆ, ಹೊರಗಿನ ಕೆಂಪು ಲೇನಿನಲ್ಲಿ. ಕಾರು ಕಾಣದಿದ್ದರೂ ಸದ್ದು ಕೇಳುತ್ತದೆ. ತಿರುವಿಗೆ ಬಂದಾಗ ಮೋಟರಿನ ದನಿ ಬದಲಾಗುತ್ತದೆ, ಅಲ್ಲಿ ಬೆರಳು ಬಿಡಬೇಕು. ಅಷ್ಟು ವರ್ಷದ ಅಭ್ಯಾಸ. ಕೊನೆಯವನಾಗಲಿಲ್ಲ. ಬರ್ನಡೀನ್ ಕಂಬಳಿಯೊಳಗಿಂದ ಚಪ್ಪಾಳೆ ತಟ್ಟಿದಳು. ಅಷ್ಟಕ್ಕೇ ಮನೆಗೆ ಬಂದುಬಿಡಬೇಕಿತ್ತು.

ಎರಡನೇ ಸುತ್ತಿಗೆ ಮಾರ್ಷಲ್ ಆಗಬೇಕಲ್ಲ. ನುಂಜಿಯೋ ದೊಡ್ಡ ಮನಸ್ಸು ಮಾಡಿ ಒಳತಿರುವನ್ನೇ ಕೊಟ್ಟ. ಗೌರವದ ಜಾಗವಂತೆ. ಒಲ್ಲೆ ಅನ್ನುವುದಕ್ಕೆ ಕಾರಣ ಏನು ಹೇಳಲಿ? ನಿಂತೆ.

ಡೆನೀಸ್ ನೇರಳೆಯಲ್ಲಿ, ಎಲ್ಲರಿಗಿಂತ ಮುಂದೆ. ನುಂಜಿಯೋ ಪಕ್ಕದ ಕಪ್ಪಿನಲ್ಲಿ. ಸುಮಾರು ಹೊತ್ತು ನನ್ನ ತಿರುವಿನಲ್ಲಿ ಯಾರೂ ಬೀಳಲಿಲ್ಲ. ಬೀಳಬೇಡಿ, ಬೀಳಬೇಡಿ ಅಂತ ಒಳಗೇ ಅನ್ನುತ್ತಿದ್ದೆ. ಡೆನೀಸಳ ಕಾರೇ ಬಿತ್ತು. ಹಲಗೆಯ ಮೇಲೆ ಬೋರಲು ಬಿದ್ದು ಕೈ ಚಾಚಿದೆ. ಕಾರು ಸಿಕ್ಕಿತು. ಮೂರು ಗೀರು, ಮೂರೂ ಕತ್ತಲು. ಒಂದರಲ್ಲಿ ಇಟ್ಟೆ.

ಕಪ್ಪಿನಲ್ಲಿ ಇಟ್ಟಿದ್ದೆ. ಈಗ ನುಂಜಿಯೋ ಟ್ರಿಗರ್ ಒತ್ತಿದರೆ ಎರಡು ಕಾರು ಓಡುತ್ತವೆ, ಡೆನೀಸ್ ಒತ್ತಿದರೆ ಒಂದೂ ಇಲ್ಲ. ನುಂಜಿಯೋನ ಕಾರು ಹಿಂದಿನಿಂದ ಬಂದು ಗುದ್ದಿತು, ಎರಡೂ ಹಾರಿದವು. ಯಾರೋ ಕೂಗಿದರು, ಕರೆಂಟು ತೆಗೆದರು. ಹನ್ನೆರಡು ಮೋಟರೂ ಒಟ್ಟಿಗೆ ನಿಂತವು. ನೇರಳೆ, ಕ್ಯಾಸ್, ಅವಳದು ನೇರಳೆ ಅಂದ ನುಂಜಿಯೋ. ತಪ್ಪು ಯಾರಿಗೂ ಆಗುತ್ತದೆ, ಒಂದಿಬ್ಬರು ನಕ್ಕರು. ಗೊತ್ತು ಮಾರಾಯ ಅಂತ ನಾನೂ ನಕ್ಕು, ಕಾರನ್ನು ಎತ್ತಿ ಪಕ್ಕದ ಗೀರಿಗೆ ಇಟ್ಟೆ.

ಅದು ಕಂದು.

ಈ ಸಲ ಯಾರೂ ನಗಲಿಲ್ಲ. ನಾನು ಹಲಗೆಯ ಮೇಲೆ ಬೋರಲು ಬಿದ್ದೇ ಇದ್ದೆ, ಕೈ ಕಾರಿನ ಮೇಲೆ. ಎಲ್ಲಿ ಇಡಬೇಕೋ ಗೊತ್ತಿಲ್ಲ. ಏಳುವುದಕ್ಕೂ ಆಗದು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಆಗ ಬರ್ನಡೀನ್ ಮಾತಾಡಿದಳು.

"ಎಡಕ್ಕೆ, ಕ್ಯಾಸ್. ಇನ್ನೊಂದು. ಹಾಂ, ಅದೇ. ಬಿಡು."

ಬಿಟ್ಟೆ. ಸರಿಯಾಗಿ ಕೂತಿತು. ಅವಳ ದನಿಯಲ್ಲಿ ಆಶ್ಚರ್ಯವಿಲ್ಲ, ಗಾಬರಿಯಿಲ್ಲ. ಕಾರಿನಲ್ಲಿ ಕೆಂಪು ದೀಪ ಬಿತ್ತು ಅನ್ನುವಳಲ್ಲ, ಮಗು ಎತ್ತಿಕೊಂಡ ಹೆಂಗಸನ್ನು ನೋಡು ಅನ್ನುವಳಲ್ಲ, ಅದೇ ದನಿ. ಅವಳಿಗೆ ಮೊದಲಿನಿಂದ ಗೊತ್ತು. ನಾನು ಮೂರ್ಖ, ಹರಟೆ ಅಂದುಕೊಂಡಿದ್ದೆ.

ರೇಸ್ ಮುಗಿಯಿತು, ಡೆನೀಸ್ ಸೋತಳು. ಹೊರಗೆ ಬಂದರೆ ಡೆನೀಸ್ ನನ್ನ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾಳೆ. ಕೈ ಚಾಚಿದಳು. ಕೀ ಕೊಟ್ಟೆ. ಅವಳೇ ಓಡಿಸಿಕೊಂಡು ಬಂದಳು, ನಾನು ಹಿಂದಿನ ಸೀಟಿನಲ್ಲಿ, ಗದರಿಸಿಕೊಂಡ ಹುಡುಗನ ಹಾಗೆ. ಮನೆ ಮುಂದೆ ಕೀಯನ್ನು ನನಗೆ ಕೊಡಲಿಲ್ಲ, ಬರ್ನಡೀನ್ ಕೈಗೆ ಇಟ್ಟಳು.

"ಮಂಗಳವಾರ ಬೆಳಿಗ್ಗೆ ನನ್ ಬಸ್ಸು ಇದೇ ಬೀದೀಲಿ ಬರುತ್ತೆ. ಮಕ್ಕಳು ಇಳೀತಾರೆ, ಹತ್ತುತಾರೆ. ನಿಮ್ಮಿಬ್ರನ್ನೂ ನಂಗೆ ತುಂಬ ಇಷ್ಟ" ಅಂದಳು. "ಆದ್ರೆ ಈ ಕಾರು ರಸ್ತೇಲಿ ಕಂಡ್ರೆ ಪೊಲೀಸ್‌ಗೆ ಫೋನ್ ಮಾಡೋಳು ನಾನೇ."

ಕೋಪ ಬರಬೇಕಿತ್ತು. ಬರಲಿಲ್ಲ.

ಫೆಬ್ರವರಿ 1, ಸೋಮವಾರ

ತಿಂಡಿ ಹೊತ್ತಿಗೆ ಕೇಳಿದೆ, ಯಾವಾಗಿನಿಂದ ಗೊತ್ತು ಅಂತ. ಹೋದ ಬೇಸಿಗೆಯಿಂದ ಅಂದಳು. ನೀನು ನನ್ನ ಮುಖ ನೋಡುವುದು ಬಿಟ್ಟು ಕಿವಿ ನೋಡಿ ಮಾತಾಡುವುದಕ್ಕೆ ಶುರು ಮಾಡಿದಾಗಿನಿಂದ. ಗೊತ್ತಿದ್ದೂ ಯಾಕೆ ಪಕ್ಕದಲ್ಲಿ ಕೂತು ಬರುತ್ತಿದ್ದೆ? ದನಿ ಏರಿತು ನನ್ನದು. ಸತ್ತಿದ್ದರೆ?

"ಸತ್ರೆ ಇಬ್ರೂ ಒಟ್ಗೆ ಹೋಗ್ತಿದ್ವಿ. ಅದಕ್ಕೆ ನಾನು ಒಪ್ಕೊಂಡಿದ್ದೆ" ಅಂದಳು. ಕಾಫಿ ಲೋಟ ತಿರುಗಿಸುತ್ತ ಕೂತಳು. "ಆ ನಾಯಿ ಹಿಡ್ಕೊಂಡಿದ್ನಲ್ಲ, ಅವ್ನ ಪರವಾಗಿ ಒಪ್ಕೊಳ್ಳೋಕೆ ನಾನ್ಯಾರು? ಅವತ್ತಿಂದ ನಿದ್ದೆ ಬಂದಿಲ್ಲ ಕ್ಯಾಸ್. ಎಲ್ರೂ ಇರೋ ಕಡೆ ಗೊತ್ತಾಗ್ಲಿ ಅಂತಾನೇ ರೇಸಿಗೆ ಬಂದಿದ್ದು. ನಿಂಗೆ ಆ ತಿರುವು ಕೊಡು ಅಂತ ನುಂಜಿಯೋಗೆ ಹೇಳಿದ್ದೂ ನಾನೇ."

ಲೋಟ ಗೋಡೆಗೆ ಎಸೆಯೋಣ ಅನ್ನಿಸಿತು. ಹಿತ್ತಲಿಗೆ ಹೋಗಿ ಹಿಮದಲ್ಲಿ ನಿಂತೆ. ಎಲ್ಲರೆದುರು ಬೋರಲು ಮಲಗಿಸಿದಳಲ್ಲ ಇವಳು. ಚಳಿಗೆ ಕಾಲು ಜೋಮು ಹಿಡಿದಾಗ ಒಳಗೆ ಬಂದೆ. ಇನ್ನೇನು ಮಾಡಲಿ, ಬೇರೆ ದಾರಿ ಅವಳಿಗೆ ನಾನೆಲ್ಲಿ ಬಿಟ್ಟಿದ್ದೆ.

ಸಂಜೆಗೆ ನುಂಜಿಯೋ ಬಂದ. ನಾನೇ ಕರೆದುಕೊಂಡು ಹೋಗುತ್ತೇನೆ ಅಂದ. ಅವನಿಗೆ ಬೆಳಿಗ್ಗೆ ಅಂಗಡಿ, ಗುರುವಾರ ಶನಿವಾರ ಹೇಗೋ ಆಗುತ್ತದೆ, ಮಂಗಳವಾರ ಆಗುವುದಿಲ್ಲ. ಮಂಗಳವಾರ ಅಂದರೆ ನಾಳೆ. ಅವನು ಹೋದ ಮೇಲೆ ಕೌಂಟಿಗೆ ಫೋನ್ ಮಾಡಿ ವ್ಯಾನ್ ಹೇಳಿದೆ. ಬರ್ನಡೀನ್ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಬೇಡ ಅನ್ನಲಿಲ್ಲ. ಆಗಲಿ ಅಂತಲೂ ಅನ್ನಲಿಲ್ಲ. ಡಯಾಲಿಸಿಸ್ ಬಿಟ್ಟುಬಿಡುತ್ತೀಯಾ ಅಂತ ಕೇಳುವುದಕ್ಕೆ ಬಾಯಿ ಬರಲಿಲ್ಲ ನನಗೆ.

ಫೆಬ್ರವರಿ 2, ಮಂಗಳವಾರ, ಬೆಳಿಗ್ಗೆ

ವ್ಯಾನ್ ಬರುವ ಹೊತ್ತು. ಬರ್ನಡೀನ್ ನೈಟಿಯಲ್ಲೇ ಅಡುಗೆಮನೆ ಮೇಜಿನ ಹತ್ತಿರ ಕೂತಿದ್ದಾಳೆ. ಏಳು ಅಂತ ಹೇಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ. ಒತ್ತಾಯ ಮಾಡಿದರೆ ಅವಳು ಏಳುವವಳಲ್ಲ. ಕೈಗೆ ಕೆಲಸವಿರಲಿ ಅಂತ ಬರೆಯುತ್ತ ಕೂತಿದ್ದೇನೆ.

ಎದ್ದಳು. ಕೋಣೆಗೆ ಹೋದಳು... ಮಲಗುವುದಕ್ಕೋ ಏನೋ.

ಹೊರಗೆ ಗಾಡಿ ಸದ್ದು. ಒಂದು ಹಾರ್ನ್.

ಬಂದಳು. ಪ್ಯಾಂಟು, ಸ್ವೆಟರ್. ಸ್ಟೂಲಿನ ಮೇಲೆ ಕೂತು ಒಂದು ಬೂಟು ಹಾಕಿದಳು. ಇನ್ನೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಳೆ. ನನ್ನ ಕಡೆ ನೋಡುತ್ತಿದ್ದಾಳೆ ಅನ್ನಿಸುತ್ತದೆ. ಕಿಟಕಿಯ ಕಡೆ ತಿರುಗಿದೆ, ಮುಖ ಸಿಗಲಿ ಅಂತ. ಹೌದು, ನೋಡುತ್ತಿದ್ದಾಳೆ.

ಎರಡನೇ ಹಾರ್ನ್.

"ಬರೀತಾ ಕೂತ್ರೆ ಆಗುತ್ತಾ? ಒಬ್ಳೇ ಹೋಗಲ್ಲ ನಾನು. ಕೋಟ್ ಹಾಕ್ಕೋ."

ಕೋಟು ಬಾಗಿಲ ಹಿಂದಿದೆ. ಪೆನ್ನು ಇಡುತ್ತೇನೆ.