ಸೀರೋಸ್‌ನಲ್ಲಿ ಹದಿನೆಂಟು ತಲೆ

ಅಕ್ಟೋಬರ್ 6, ಬೆಳಿಗ್ಗೆ 7.30
ಹಡಗು

ತಿಂಡಿಗೆ ಹದಿನೆಂಟು ತಲೆ ಎಣಿಸಿದೆ. ಎಲ್ಲವೂ ಇವೆ. ಎಲ್ಲವೂ ತಿನ್ನುತ್ತಿವೆ.

ನಾಗಮಂಗಲದ ಚೌಡಯ್ಯ, ಜಲ್ಲಿ ಕ್ರಷರ್ ಮಾಲೀಕ, ಇವತ್ತೂ ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬ ಹಿಡಿದು ಬಂದ. ಬ್ರೆಡ್ಡಿನ ಮೇಲೆ ಸುರಿದುಕೊಂಡ. ಪಕ್ಕದ ಟೇಬಲ್ಲಿನ ಜರ್ಮನ್ ಮುದುಕನಿಗೂ ಕೊಟ್ಟ. ಮುದುಕ ಕೆಮ್ಮಿದ. ಚೌಡಯ್ಯ ನಕ್ಕ — ಇಡೀ ಡೈನಿಂಗ್ ಹಾಲ್ ತಿರುಗಿ ನೋಡುವ ಹಾಗೆ. ಅವನ ಹೆಂಡತಿ ಮಂಗಳಮ್ಮ ನಾಲ್ಕು ಬಾಳೆಹಣ್ಣು ವ್ಯಾನಿಟಿ ಬ್ಯಾಗಿಗೆ ಇಳಿಸಿದರು. ನಾನು ಟೂರ್ ಮ್ಯಾನೇಜರ್. ಕಿಟಕಿಯ ಆಚೆ ನೋಡುತ್ತಾ ಕೂತೆ.

ಮೂವತ್ತೊಂದು ವರ್ಷ ಶ್ರೀರಂಗಪಟ್ಟಣದಲ್ಲಿ ಗೈಡ್ ಆಗಿದ್ದವನು. ಪ್ರವಾಸಿ ಎಂಬ ಪ್ರಾಣಿಯನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಿರಲಾರರು. ಕೋಟೆ ನೋಡಲು ಬರುತ್ತೆ, ಕಬ್ಬಿನ ಹಾಲು ಎಲ್ಲಿ ಸಿಗುತ್ತೆ ಅಂತ ಕೇಳುತ್ತೆ. ಇಸವಿ ಹೇಳಿದರೆ ಆಕಳಿಸುತ್ತೆ. ಸುರಂಗ ಅಂದರೆ ಕಣ್ಣರಳಿಸುತ್ತೆ. ಸರಿ, ಸುರಂಗ ಕೊಟ್ಟೆ. ಇಲ್ಲದ ಸುರಂಗವನ್ನು ಮೈಸೂರಿನವರೆಗೂ ತೋಡಿದೆ. ಒಬ್ಬರೂ ಬೈಯಲಿಲ್ಲ. ಟಿಪ್ಸ್ ಕೊಟ್ಟು ಹೋದರು.

ಪಾಂಡವಪುರದ ಶ್ರೀನಿವಾಸಮೂರ್ತಿ ಟ್ರಾವೆಲ್ಸ್ ಇಟ್ಟಿದ್ದಾರೆ. ನಾಲ್ಕು ತಾಲ್ಲೂಕಿನಿಂದ ಈ ಗುಂಪು ಕಟ್ಟಿ ನನ್ನನ್ನು ಜೊತೆಗೆ ಕಳಿಸಿದವರು ಅವರೇ. ‘ಇಂಗ್ಲಿಷ್ ಬರುತ್ತೆ, ಮಾತು ಬರುತ್ತೆ, ಇನ್ನೇನು ಬೇಕು ರಂಗಸ್ವಾಮಿ?’ ಎಂದಿದ್ದರು. ಗ್ರೀಸ್ ಬಗ್ಗೆ ಏನೂ ಗೊತ್ತಿಲ್ಲ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

ಬಾಯಿ ಬಿಡದ ಒಂದೇ ತಲೆ ಕೆ.ಆರ್.ಪೇಟೆಯ ಪುಟ್ಟಲಕ್ಷ್ಮಮ್ಮ. ನರ್ಸಾಗಿದ್ದು ಹೋದ ವರ್ಷ ರಿಟೈರ್ ಆದವರು. ಒಬ್ಬರೇ ಬಂದಿದ್ದಾರೆ. ಎಲ್ಲರೂ ಸಿಸ್ಟರ್ ಅಂತಾರೆ, ನಾನೂ. ನಾಲ್ಕು ದಿನದಿಂದ ಡೆಕ್ಕಿನಲ್ಲಿ ಕೂತು ನೀರು ನೋಡುತ್ತಿದ್ದಾರೆ. ಇಷ್ಟು ದೂರ ಬಂದು ನೀರು! ಕನ್ನಂಬಾಡಿಯಲ್ಲಿ ಇರಲಿಲ್ಲವೇ?

ಅದೇ ದಿನ, ಸಂಜೆ

ನಾಳೆ ಸೀರೋಸ್ ದ್ವೀಪ. ಹಡಗಿನವರೇ ಗೈಡ್ ಕೊಡುತ್ತಾರೆ, ಬೇರೆ ಚಾರ್ಜು. ಮೂರ್ತಿಯವರಿಗೆ ಫೋನ್ ಮಾಡಿದೆ.

‘ಅದೆಲ್ಲ ಬೇಡ. ನೀವೇ ತೋರಿಸಿಬಿಡಿ.’

‘ನಾನೇ ನೋಡಿಲ್ಲವಲ್ಲ ಸಾರ್.’

‘ಅವರೂ ನೋಡಿಲ್ಲವಲ್ಲ.’

ನ್ಯಾಯವಾದ ಮಾತು.

ಚೌಡಯ್ಯನ ನಾಲಿಗೆಗೆ ಸೀರೋಸ್ ಹೊರಳುವುದಿಲ್ಲ. ‘ನಾಳೆ ಶಿರಾ ಕಣ್ಲಾ’ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ಅಕ್ಟೋಬರ್ 7, ಬೆಳಿಗ್ಗೆ 8.45

ಬಂದರು. ಊರಿನ ಹೆಸರು ಎರ್ಮೂಪೊಲಿ. ನೀರಿನಂಚಿನಿಂದ ಎರಡು ಗುಡ್ಡಗಳಿಗೆ ಮನೆಗಳು ಹತ್ತಿಕೊಂಡಿವೆ. ಎರಡರ ತುದಿಯಲ್ಲೂ ಚರ್ಚು. ನಮ್ಮವರು ‘ಅಯ್ಯೋ, ಎಷ್ಟ್ ಚೆಂದಾಗದೆ’ ಎಂದು ಗ್ಯಾಂಗ್‌ವೇ ಮೇಲೆಯೇ ನಿಂತುಬಿಟ್ಟರು. ಹಿಂದೆ ಇನ್ನೂರು ಜನ ಕಾಯುತ್ತಿದ್ದಾರೆ. ಇವರಿಗೆ ಸೆಲ್ಫಿ.

ನಾನೂ ದ್ವೀಪದವನೇ. ಸುತ್ತ ಕಾವೇರಿ. ದ್ವೀಪದ ಊರಿನ ಹಣೆಬರಹ ನನಗೆ ಗೊತ್ತು. ಹೊರಗಿನವರು ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಟಾಯ್ಲೆಟ್ ಎಲ್ಲಿ ಅಂತ ಕೇಳುತ್ತಾರೆ, ಹೋಗುತ್ತಾರೆ.

ಹಡಗು ಹತ್ತಲು ಕಡೆಯ ಟೈಮು ನಾಲ್ಕೂವರೆ. ಗುಂಪಿಗೆ ಮೂರೂವರೆ ಎಂದಿದ್ದೇನೆ. ಪ್ರವಾಸಿಗೆ ನಿಜವಾದ ಟೈಮು ಹೇಳುವ ಗೈಡ್ ದಡ್ಡ.

ಮಧ್ಯಾಹ್ನ 1.15

ಕಾಫಿ ಅಂಗಡಿ. ಒಬ್ಬನೇ. ಉಸಿರಾಡುತ್ತಿದ್ದೇನೆ.

ಊರಿನ ನಡುವೆ ಅಮೃತಶಿಲೆ ಹಾಸಿದ ದೊಡ್ಡ ಚೌಕ, ಎದುರಿಗೆ ಟೌನ್ ಹಾಲ್. ಒಳ್ಳೆ ಕಲ್ಲು. ಅದರ ಮೇಲೆ ಬೆಕ್ಕುಗಳು ಮಲಗಿವೆ. ಊರಿನ ಗಂಡಸರು ಬೊಗಸೆಯಷ್ಟೂ ಇಲ್ಲದ ಕಾಫಿಯನ್ನು ಎರಡು ಗಂಟೆ ಕುಡಿಯುತ್ತಾರೆ. ಅಂಗಡಿಯಲ್ಲಿ ಅಂಟುಅಂಟಾದ ಒಂದು ಸಿಹಿ, ಮೇಲೆ ಸಕ್ಕರೆ ಪುಡಿ. ಬಾಂಬೆ ಹಲ್ವಕ್ಕೆ ಜ್ವರ ಬಂದ ಹಾಗಿದೆ. ನಮ್ಮವರು ಕೇಜಿಗಟ್ಟಲೆ ಕಟ್ಟಿಸಿದರು.

ಚೌಕದಲ್ಲಿ ನಿಂತು ಭಾಷಣ ಮಾಡಿದೆ. ಈ ಟೌನ್ ಹಾಲ್ ಕಟ್ಟಿಸಿದ ರಾಜ, ಅವನಿಗೆ ಏಳು ಜನ ಹೆಂಡಿರು… ಬಾಯಿಗೆ ಬಂದದ್ದು. ಎಲ್ಲರೂ ತಲೆ ಆಡಿಸಿದರು. ಅಷ್ಟರಲ್ಲಿ ಮಂಗಳಮ್ಮ:

‘ಇಲ್ಲಿ ದ್ಯಾವ್ರು ಯಾವ್ದು ರಂಗಸ್ವಾಮಣ್ಣ? ಏನ್ ಕೊಡ್ತದೆ?’

ಕೊಡದ ದೇವರು ಇವರಿಗೆ ಬೇಡ. ತಲೆ ಎತ್ತಿ ನೋಡಿದೆ. ಎರಡೂ ಚರ್ಚು ದಾಟಿ, ಊರು ಮುಗಿದ ಮೇಲೆ, ಬೋಳು ಗುಡ್ಡದ ನೆತ್ತಿಯಲ್ಲಿ ಒಂದು ಬಿಳಿ ಕಟ್ಟಡ. ಗುಂಡು ಛಾವಣಿ. ಅಲ್ಲಿಗೆ ಯಾರೂ ಹೋಗುವುದಿಲ್ಲವೆಂಬ ಧೈರ್ಯದಲ್ಲಿ ಅದನ್ನೇ ತೋರಿಸಿದೆ. ‘ಅದು ತಾಯಂದಿರ ಗುಡಿ. ಸಮುದ್ರಕ್ಕೆ ಹೋದ ಮಕ್ಕಳು ತಿರುಗಿ ಬರದಿದ್ದರೆ, ತಾಯಿ ಅಲ್ಲಿಗೆ ಹತ್ತಿ ಬಾಗಿಲಿಗೆ ಕಿವಿ ಕೊಡಬೇಕು. ಮಗನ ದನಿ ಕೇಳಿಸುತ್ತೆ.’

ಹೆಂಗಸರು ‘ಅಯ್ಯೋ’ ಎಂದರು. ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಚೌಡಯ್ಯ ಕೂಡ ಟೋಪಿ ತೆಗೆದ! ಸುರಂಗಕ್ಕಿಂತ ಚೆನ್ನಾಗಿ ಕೂತಿತು. ಮೂರೂವರೆಗೆ ಬಂದರಿಗೆ ಬನ್ನಿ ಎಂದು ಬಿಟ್ಟು ಬಂದೆ.

3.50

ಹದಿನೇಳು. ಮತ್ತೆ ಎಣಿಸಿದೆ. ಹದಿನೇಳು.

ಸಿಸ್ಟರ್ ಇಲ್ಲ. ಫೋನ್ ಸ್ವಿಚ್ ಆಫ್. ಐದು ದಿನ ಬಾಯಿ ಬಿಡದೆ ಇವತ್ತು ನನ್ನ ಪ್ರಾಣ ತೆಗೆಯುತ್ತಿದ್ದಾರೆ. ಎಲ್ಲೋ ಬೆಂಚಿನ ಮೇಲೆ ನೀರು ನೋಡುತ್ತಾ ಕೂತಿರಬೇಕು. ದಂಡೆಯ ಉದ್ದಕ್ಕೂ ಹೋಗಿ ಬಂದೆ. ಇಲ್ಲ.

ಮಂಗಳಮ್ಮ ಹತ್ತಿರ ಬಂದರು.

‘ಅಣ್ಣ, ನೀವ್ ಅತ್ಲಾಗ್ ಓದ್ಮೇಲೆ ಸಿಸ್ಟರು ನನ್ನ ಕೇಳುದ್ರು. ಸಮುದ್ರುಕ್ಕೆ ಓದೋರ್ದು ಮಾತ್ರ ಕೇಳ್ತದಾ, ಇಲ್ಲ ನಾಲೇಲಿ ಓದೋರ್ದೂ ಕೇಳ್ತದಾ ಅಂತ.’

‘ನೀವೇನಂದ್ರಿ?’

‘ನೀರೆಲ್ಲ ಒಂದೇ ಅಲ್ವಾ ಸಿಸ್ಟರ್ ಅಂದ್ಬುಟ್ಟೆ.’

4.05

ಮೂರ್ತಿಯವರಿಗೆ ಫೋನ್.

‘ಹಡಗು ಹತ್ತಿ ರಂಗಸ್ವಾಮಿ. ಒಬ್ಬರಿಗೋಸ್ಕರ ಹದಿನೇಳು ಜನರನ್ನು ಬಿಡುತ್ತೀರಾ? ಫಾರಮ್ಮಿನಲ್ಲಿ ಸಹಿ ಹಾಕಿದ್ದಾರೆ, ತಡವಾದರೆ ಅವರೇ ಜವಾಬ್ದಾರಿ ಅಂತ. ಪೊಲೀಸರು ನೋಡಿಕೊಳ್ಳುತ್ತಾರೆ.’

ಎಂಥಾ ನೀಚ ಮಾತು ಎಂದುಕೊಂಡೆ. ಆಮೇಲೆ ಹೊಳೆಯಿತು. ಅರ್ಧ ಗಂಟೆಯಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ.

ಚೌಡಯ್ಯ ನನ್ನ ಕೈಯಿಂದ ಗುಂಪಿನ ಲಿಸ್ಟು ಕಿತ್ತುಕೊಂಡ. ‘ನಾನ್ ಇವ್ರುನ್ನೆಲ್ಲ ಅತ್ತುಸ್ತೀನಿ. ನೀನ್ ಓಗ್ಲಾ. ಓಗು, ಸಿಸ್ಟರ್ನ ಕರ್ಕಂಡ್ ಬಾ!’

ಟ್ಯಾಕ್ಸಿ ಸಿಕ್ಕಿತು.

ಅಕ್ಟೋಬರ್ 8, ಮಧ್ಯಾಹ್ನ

ಬಂದರಿನ ಹಿಂದಿನ ಬೀದಿ. ಸಣ್ಣ ಲಾಡ್ಜು. ಹಡಗು ಹೋಯಿತು.

ನಿನ್ನೆಯದು ಬರೆಯಬೇಕು. ಬರೆಯಲು ಮನಸ್ಸಿಲ್ಲ.

ಟ್ಯಾಕ್ಸಿ ರಸ್ತೆ ಮುಗಿದ ಕಡೆ ಇಳಿಸಿತು. ಮುಂದೆ ಕಲ್ಲು ಮೆಟ್ಟಿಲು, ಅದೂ ಮುಗಿದ ಮೇಲೆ ಕಾಲುದಾರಿ. ಮುಳ್ಳು ಗಿಡ. ಮೈಯೆಲ್ಲ ಬೆವರು. ದಾರಿಯುದ್ದಕ್ಕೂ ಕಣ್ಣ ಮುಂದೆ ಒಂದೇ — ಬಿದ್ದು ತಲೆ ಒಡೆದುಕೊಂಡು ಮಲಗಿರುವ ಅರವತ್ತೊಂದರ ಹೆಂಗಸು. ಕಾರಣ ಯಾರು ಎಂದು ಕೆ.ಆರ್.ಪೇಟೆಯವರು ಕೇಳಿದರೆ ಏನು ಹೇಳಲಿ? ಹಾಗೆ ಯೋಚಿಸುವಾಗಲೂ ನನ್ನ ಮರ್ಯಾದೆಯದೇ ಚಿಂತೆ. ಅದನ್ನೂ ಬರೆದಿಡುತ್ತೇನೆ.

ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದರು. ಒಂದು ಕಾಲು ನೀಡಿಕೊಂಡು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ.

‘ಬಂದ್ರಾ. ಕುಂತ್ಕಳಿ, ಉಸ್ರು ತಕಳಿ. ಮಂಡಿ ಇಡ್ಕಬುಡ್ತು. ಅತ್ತೋವಾಗ ಏನೂ ಆಗ್ನಿಲ್ಲ. ಇಳಿಯಕ್ಕೆ ಒಂಟ್ರೆ ಕಾಲೇ ಊರಕ್ಕಾಯ್ತಿಲ್ಲ. ಫೋನ್ಗೂ ಚಾರ್ಜಿಲ್ಲ.’

ಅವರ ಹಿಂದೆ ಕಬ್ಬಿಣದ ಬಾಗಿಲು. ಬೀಗ. ಬೀಗದ ಮೇಲೆ ಹಳದಿ ಬೋರ್ಡು, ತಲೆಬುರುಡೆ, ಮಿಂಚಿನ ಗುರುತು. ಒಳಗಿನಿಂದ ಸಣ್ಣಗೆ ಸದ್ದು.

‘ಮೋಟ್ರು ಮನೆ ಕಣಪ್ಪ ಇದು,’ ಎಂದರು. ‘ಊರ್ಗೆಲ್ಲ ನೀರ್ ಬುಡೋದು ಇಲ್ಲಿಂದ್ಲೇ ಅಂತ ಕಾಣ್ತದೆ. ಕಿವಿ ಕೊಟ್ಟೆ. ಗುಂಯ್ ಅಂತಾ ಅದೆ.’

ಅವರ ಪಕ್ಕ ಕೂತೆ. ‘ಸಿಸ್ಟರ್, ಆ ಕಥೆ ನಾನು ಕಟ್ಟಿದ್ದು’ ಎಂದೆ. ನನ್ನ ದನಿ ನನಗೇ ಹೊಲಸಾಗಿ ಕೇಳಿಸಿತು.

‘ಮುಕ್ಕಾಲು ಗೊತ್ತಿತ್ತು.’

‘ಮತ್ತೆ ಯಾಕೆ ಹತ್ತಿದ್ರಿ?’

‘ಇನ್ನೊಂದು ಕಾಲು ಇತ್ತಲ್ಲ, ಅದು ಅತ್ತುಸ್ತು. ಬರ್ದೆ ಓಗಿದ್ರೆ ಊರ್ಗ್ ಓದ್ಮೇಲೂ ಅದೇ ಕೊರೀತಿತ್ತು. ಓಗಿ ನೋಡ್ಬೌದಾಗಿತ್ತು, ನೋಡ್ನಿಲ್ವಲ್ಲ ಅಂತ.’ ಸೆರಗಿನಲ್ಲಿ ಕತ್ತು ಒರೆಸಿಕೊಂಡರು. ‘ನಿಮ್ಮನ್ನ ಐದು ದಿನದಿಂದ ನೋಡ್ತಾ ಇವ್ನಿ. ನಮ್ಮನ್ನ ದನ ಎಣಿಸ್ದಂಗೆ ಎಣಿಸ್ತೀರಿ. ಒಬ್ರನ್ನಾದ್ರೂ ಎಸ್ರಿಡ್ದು ಕೂಗಿದ್ದೀರಾ? ಆಸ್ಪತ್ರೇಲೂ ನಿಮ್ಮಂಥ ಡಾಕ್ಟ್ರು ಒಬ್ರಿದ್ರು. ರೋಗಿನ ಬೆಡ್ ನಂಬರಿಂದ್ಲೇ ಕೂಗೋರು. ಏಳ್ನೇ ಬೆಡ್ ಸತ್ತೋಯ್ತು ಅನ್ನೋರು. ನಾನು ಅವರ್ಗೂ ಒಂದಿನ ಇಂಗೇ ಅಂದಿದ್ದೆ.’

ಕೋಪವಿರಲಿಲ್ಲ. ಜ್ವರ ಇಷ್ಟಿದೆ ಎಂದು ಚೀಟಿಯಲ್ಲಿ ಬರೆದ ಹಾಗೆ ಹೇಳಿದರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅದು ಬರುತ್ತೆ ನನಗೆ.

ಕೆಳಗೆ ಹಡಗು ಕೂಗಿತು. ಎರಡು ಸಲ. ಅಷ್ಟು ದೊಡ್ಡ ಹಡಗು ಮೇಲಿನಿಂದ ಇಸ್ತ್ರಿಪೆಟ್ಟಿಗೆಯಷ್ಟು ಕಾಣುತ್ತಿತ್ತು. ಮೆಲ್ಲಗೆ ದಡ ಬಿಟ್ಟಿತು. ಅದರೊಳಗೆ ನನ್ನ ಬಟ್ಟೆ, ನನ್ನ ಕೆಲಸ, ಹದಿನೇಳು ಜನ.

ಸಿಸ್ಟರ್ ಅಳುತ್ತಾರೆ ಎಂದುಕೊಂಡೆ. ಅವರು ನನ್ನ ಮಣಿಕಟ್ಟು ಹಿಡಿದು ನಾಡಿ ನೋಡಿದರು.

‘ದಿನಾ ತಿಂಡಿ ಆದ್ಮೇಲೆ ನುಂಗ್ತಿದ್ರಲ್ಲ ಬಿಪಿ ಮಾತ್ರೆ, ಹಡಗಲ್ಲೇ ಬಿಟ್ರಾ?’

‘ಹೂಂ.’

‘ನನ್ ಬ್ಯಾಗಲ್ಲಿ ಅದೆ. ಎಷ್ಟು ಎಮ್ಮೆಜಿ ನಿಮ್ದು?’

ಐದೂವರೆಗೆ ಒಬ್ಬ ಪಿಕಪ್ಪಿನಲ್ಲಿ ಹಿಂಬದಿಯ ಮಣ್ಣು ರಸ್ತೆ ಹಿಡಿದು ಬಂದ. ನೀರು ಬಿಡುವವನು. ಹಿಂದೆ ರಸ್ತೆಯಿದೆ ಎಂದೂ ಈ ಗೈಡಿಗೆ ಗೊತ್ತಿರಲಿಲ್ಲ. ಅವನ ಭಾಷೆ ನಮಗೆ ಬಾರದು, ನಮ್ಮದು ಅವನಿಗೆ ಬಾರದು. ಸಿಸ್ಟರ್ ಮಂಡಿ ತೋರಿಸಿದರು. ಅವನು ಒಳಗೆ ಹೋಗಿ ಮೋಟಾರು ಆಫ್ ಮಾಡಿ ಬಂದು, ಅವರ ಒಂದು ತೋಳು ಹಿಡಿದ. ಇನ್ನೊಂದು ನಾನು. ಪಿಕಪ್ಪಿಗೆ ಹತ್ತಿಸಿದೆವು.

ಬಂದರಿನಲ್ಲಿ ಹಡಗು ಕಂಪನಿಯ ಏಜೆಂಟು ಇಬ್ಬರ ಪಾಸ್‌ಪೋರ್ಟನ್ನೂ ಕವರಿನಲ್ಲಿ ಹಾಕಿ ಇಟ್ಟಿದ್ದ. ನಾಳೆ ಬೆಳಗಿನ ಫೆರಿಯಲ್ಲಿ ಅಥೆನ್ಸ್ ಕಡೆಗೆ. ಗುಂಪು ಅಲ್ಲಿಗೇ ಬರುತ್ತದೆ.

ಮೂರ್ತಿಯವರು ಬೆಳಿಗ್ಗೆ ಫೋನ್ ಮಾಡಿದ್ದರು. ‘ಇನ್ನು ನಮ್ಮ ಟೂರಿಗೆ ನೀವು ಬೇಡ.’ ಆಗಲಿ ಸಾರ್ ಎಂದೆ. ಸಿಸ್ಟರ್ ಹೇಗಿದ್ದಾರೆ ಎಂದು ಕೇಳಲಿಲ್ಲ ಅವರು. ನಿನ್ನೆ ಬೆಳಗಿನವರೆಗೆ ನಾನೂ ಕೇಳುತ್ತಿರಲಿಲ್ಲ.

ಆಮೇಲೆ ಚೌಡಯ್ಯ. ಹಿಂದೆ ಅದೇ ನಗು, ಅದೇ ಡೈನಿಂಗ್ ಹಾಲ್ ಗಲಾಟೆ. ‘ಸಿಸ್ಟರು ಉಂಡ್ರಾ? ನೀನ್ ಉಂಡಾ? ನಿನ್ ಕೆಲ್ಸ ನಾನ್ ಮಾಡ್ತಾವ್ನಿ, ಸಂಬ್ಳ ನಂಗೇ ಕೊಡ್ಬೇಕು ಕಣ್ಲಾ.’ ಈ ಮನುಷ್ಯನನ್ನು ಇಷ್ಟಪಡುವುದು ನನ್ನಿಂದ ಸಾಧ್ಯವಿಲ್ಲ. ಆದರೂ ಅವನು ಫೋನ್ ಇಟ್ಟ ಮೇಲೆ ರೂಮು ತೀರಾ ಸಪ್ಪಗಾಯಿತು.

ಸಂಜೆ

ಸಿಸ್ಟರ್ ಮಂಡಿಗೆ ಬಟ್ಟೆ ಸುತ್ತಿಕೊಂಡು ಲಾಡ್ಜಿನ ಬಾಗಿಲಲ್ಲಿ ಕೂತಿದ್ದರು. ಪಕ್ಕದಲ್ಲಿ ಲಾಡ್ಜಿನ ಮುದುಕಿ, ಕಪ್ಪು ಬಟ್ಟೆ. ಇಬ್ಬರೂ ಬೀನ್ಸಿನ ನಾರು ತೆಗೆಯುತ್ತಿದ್ದಾರೆ! ನಡುನಡುವೆ ಮುದುಕಿ ಏನೋ ಅನ್ನುತ್ತಾಳೆ, ಇವರು ‘ಊಂ ಕಣವ್ವ’ ಅನ್ನುತ್ತಾರೆ.

ಹತ್ತಿರ ಹೋಗಿ ಕೇಳಿದೆ. ‘ನಿಮ್ಮ ಮಗನಿಗೆ ಏನಾಗಿತ್ತು ಸಿಸ್ಟರ್?’

ಬೀನ್ಸು ಮುರಿಯುತ್ತಲೇ ಇದ್ದರು. ‘ನಿಜವಾಗ್ಲೂ ಕೇಳ್ತಾ ಇದ್ದೀರಾ? ಇಲ್ಲ, ಕೇಳ್ಬೇಕಲ್ಲ ಅಂತ ಕೇಳ್ತಾ ಇದ್ದೀರಾ?’

ಸುಳ್ಳು ಹೇಳಬಾರದೆಂದು ಯೋಚಿಸುತ್ತಾ ನಿಂತೆ.

‘ಯೋಚ್ನೆ ಮಾಡಿ,’ ಎಂದರು. ‘ನಾಳೆ ಏಳ್ತೀನಿ.’

ಅಕ್ಟೋಬರ್ 9, ಬೆಳಿಗ್ಗೆ 8.10
ಫೆರಿ

ಮೇಲಿನ ಡೆಕ್ಕು. ಗಾಳಿ. ಊರು ಹಿಂದೆ ಹೋಗುತ್ತಿದೆ. ಎರಡು ಗುಡ್ಡ, ಎರಡು ಚರ್ಚು. ಯಾವುದರ ಹೆಸರೂ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಯಾರಿಗೂ ಹೇಳುವ ಅಗತ್ಯವೂ ಇಲ್ಲ ಇವತ್ತು. ಎದುರಿನ ಬೆಂಚಿನಲ್ಲಿ ಒಂದು ಸಂಸಾರ ನಮ್ಮನ್ನು ನೋಡಿ ಕಿಸಕ್ಕೆನ್ನುತ್ತಿದೆ. ಸಿಸ್ಟರ್ ಸೀರೆಯ ಮೇಲೆ ಲಾಡ್ಜಿನ ಮುದುಕಿ ಕೊಟ್ಟ ಕಪ್ಪು ಸ್ವೆಟರ್, ಕಾಲಿಗೆ ಬಟ್ಟೆ. ನಾನು ಮೂರು ದಿನದ ಅಂಗಿಯಲ್ಲಿ. ನಗಲಿ. ಅಲ್ಲಿ ನಾನು ಕೂತಿದ್ದರೂ ನಗುತ್ತಿದ್ದೆ.

ರಾತ್ರಿ ಯೋಚಿಸಿದೆ. ಉತ್ತರ ಇಷ್ಟೆ — ಮೊದಲು, ಕೇಳಬೇಕಲ್ಲ ಅಂತ ಬಾಯಿಗೆ ಬಂತು. ಅವರು ತಿರುಗಿ ಕೇಳಿದ ಮೇಲೆ ನಿಜವಾಗಿ ಬೇಕೆನಿಸಿತು. ಈಗ ಹಾಗೆಯೇ ಹೇಳಿದೆ, ಎರಡನ್ನೂ.

ಸಿಸ್ಟರ್ ತಲೆ ಆಡಿಸಿದರು. ನೀರಿನ ಕಡೆ ತಿರುಗಿದರು. ನಾನು ಮತ್ತೆ ಈ ಡೈರಿ ಬರೆಯಲು ಕೂತೆ. ಕೈಗೆ ಏನಾದರೂ ಕೆಲಸ ಬೇಕಲ್ಲ.

‘ಸಿದ್ದಾರ್ಥ ಅಂತ ಅವ್ನ್ ಎಸ್ರು,’ ಎನ್ನುತ್ತಿದ್ದಾರೆ. ‘ಅವತ್ತು ಭಾನ್ವಾರ. ನಂದು ಬೆಳಗ್ಗೆ ಡ್ಯೂಟಿ…’

ನಿಲ್ಲಿಸಿದರು. ನನ್ನ ಕೈ ನೋಡುತ್ತಿದ್ದಾರೆ.

‘ಬರ್ಕಬ್ಯಾಡಿ ರಂಗಸ್ವಾಮಿಯೋರೆ. ಕೇಳಿ.’