ನಿಲುವಂಗಿಯಲ್ಲಿ ಬೆಂದ ಕಾಳು

ಮಂಗಳವಾರ, ಮಾರ್ಚ್ ೧೧

ನನ್ನ ಪ್ರೀತಿಯ ಪಟ್ಟದರಸಿಗೆ,

ತೆರೆ ಏಳಲಿ! ನಿನ್ನ ಮಹಾರಾಜ ಇನ್ನೂ ನೆಟ್ಟಗೆ ನಿಂತಿದ್ದಾನೆ. ನಿನ್ನ ಅತ್ತಿಗೆಯೂ ಗಟ್ಟಿಯಾಗಿದ್ದಾಳೆ. ನಿನ್ನ ಮಂಡಿನೋವು, ನಿನ್ನ ಬೊಕ್ಕತಲೆ, ನಿನ್ನ ಮೊಮ್ಮಗಳು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ತಾತನಾದವನನ್ನು ಪಟ್ಟದರಸಿ ಅಂತ ಕರೆಯುವುದೇ ಎಂದು ಮುನಿಯಬೇಡ. ನಮ್ಮ ನಾಟಕ ಕಂಪನಿ ಮುಚ್ಚುವವರೆಗೂ ಸೀರೆಯುಟ್ಟು, ಜಡೆ ಕಟ್ಟಿ ನನ್ನ ಎಡಗಡೆ ನಿಂತವನು ನೀನು. ಬೇರೆ ಹೆಸರು ಈ ಬಾಯಿಗೆ ಬರುವುದಿಲ್ಲ ಕಣೋ.

ನಿನ್ನ ಕಾಗದ ಬಂದು ಎಷ್ಟೋ ಕಾಲವಾಯಿತು. ಬೈಯುವುದಿದ್ದರೆ ಬೈದುಬಿಡು. ನನ್ನಂಥವನು ಪೆನ್ನು ಹಿಡಿದು ಕೂರಬೇಕಾದರೆ ಮೊದಲು ಬಾಯಿ ಕಟ್ಟಬೇಕು. ಇವತ್ತು ಅದೇ ಆಯಿತು. ಬೆಳಿಗ್ಗೆ ಎದ್ದು "ಚಹಾ ಎಲ್ಲಿ?" ಎಂದು ಗರ್ಜಿಸಲು ಹೋದರೆ ಗಂಟಲಿನಿಂದ ಹರಿದ ತಿದಿಯ ಹಾಗೆ ಬರೀ ಗಾಳಿ ಬಂತು! ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಮೂರು ದಿನ ಮಾತು ಬಂದ್. ಪಿಸುಮಾತೂ ಕೂಡದು" ಅಂದರು. ಪಕ್ಕದಲ್ಲಿದ್ದ ನಿನ್ನ ಅತ್ತಿಗೆ, "ಮೂರೇ ದಿನವಾ ಡಾಕ್ಟ್ರೇ? ಒಂದು ವಾರ ಮಾಡಿ" ಅಂದಳು.

ನೀನು ಕೇಳಿದ್ದೆಯಲ್ಲ, ಕಲಾವಿದರ ಮಾಸಾಶನ ಅಷ್ಟೇ ಇದೆ, ಪೇಟೆಯ ಬೆಲೆ ಮಾತ್ರ ಏಣಿ ಹತ್ತುತ್ತಿದೆ, ನೀವಿಬ್ಬರು ಹೇಗೆ ಮನೆ ತೂಗಿಸುತ್ತೀರಿ ಎಂದು? ಕೇಳು. ಕೇಳಿ ಬೆರಗಾಗು! ನಾನಂತೂ ದಿನಾ ಬೆರಗಾಗುತ್ತಿದ್ದೇನೆ.

ಕಳೆದ ವರ್ಷ ಇದೇ ತಿಂಗಳಲ್ಲಿ ಮನೆ ಮಾಲೀಕ ಬಾಡಿಗೆ ಏರಿಸಿದ. ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯವನಿಗೆ ಅದು ಹೇಗೆ ವಾಸನೆ ಹೊಡೆಯಿತೋ, ಮರುದಿನವೇ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ನನ್ನ ಪೆಟ್ಟಿಗೆಯ ಮೇಲೆ. ನಿನಗೆ ಗೊತ್ತಲ್ಲ ಆ ಪೆಟ್ಟಿಗೆ: ಕಿರೀಟ, ಖಡ್ಗ, ಸೊಂಟಪಟ್ಟಿ, ಕೆಂಪು ಮಖಮಲ್ಲಿನ ನಿಲುವಂಗಿ. ನಾನು ಮುಚ್ಚಳಕ್ಕೆ ಕೈ ಹಾಕಿದ್ದೆ. ಅಡುಗೆಮನೆಯಿಂದ ನಿನ್ನ ಅತ್ತಿಗೆ ಬಂದಳು, ಕೈಯಲ್ಲಿ ಸೌಟು! "ಪೆಟ್ಟಿಗೆ ಮುಟ್ಟಿದ್ರೆ ನೋಡಿ. ಒಂದು ವರ್ಷ ಮನೆ ನನ್ನ ಕೈಗೆ ಬಿಡಿ. ಆಮೇಲೂ ಕಷ್ಟ ಅಂತಾದ್ರೆ ನಾನೇ ಮಾರಿ ಬರ್ತೀನಿ." ಅಂಗಡಿಯವ ಚಪ್ಪಲಿ ಸಿಕ್ಕಿಸಿಕೊಂಡು ಓಡಿದ. ಎಂಥಾ ಪ್ರವೇಶ! ನಲವತ್ತು ವರ್ಷ ರಂಗದ ಮೇಲೆ ಬಾಳಿದ ನನಗೆ ಅಂಥದ್ದೊಂದು ದಕ್ಕಲಿಲ್ಲ.

ಆವತ್ತಿನಿಂದ ಶುರುವಾಯಿತು ಅವಳ ರಾಜ್ಯಭಾರ. ಮೊದಲ ಆಜ್ಞೆ: ಒಲೆ ಬೇಗ ಆರಬೇಕು. ಕಾಳು ಒಂದು ಕುದಿ ಬಂದರೆ ಸಾಕು, ಪಾತ್ರೆಯನ್ನು ಇಳಿಸಿ ನನ್ನ ನಿಲುವಂಗಿಯಲ್ಲಿ ಸುತ್ತಿ ಬುಟ್ಟಿಯೊಳಗೆ ಕೂರಿಸುತ್ತಾಳೆ. ಮಧ್ಯಾಹ್ನ ಬಿಚ್ಚಿದರೆ ಬೆಣ್ಣೆಯ ಹಾಗೆ ಬೆಂದಿರುತ್ತದೆ! ನಾನು ಕೂಗಾಡಿದೆ. "ಸಾಮ್ರಾಜ್ಯ ಆಳಿದ ಅಂಗಿ ಕಣೇ ಅದು!" ಅವಳು, "ಈಗ ಕಾಳನ್ನ ಆಳ್ಲಿ. ಸುಮ್ಮನೆ ಮಲಗಿರೋದಕ್ಕಿಂತ ವಾಸಿ" ಅಂದಳು. ಗ್ಯಾಸ್ ಸಿಲಿಂಡರು ಈಗ ಮೊದಲಿಗಿಂತ ಎಷ್ಟೋ ದಿನ ಹೆಚ್ಚು ಬರುತ್ತದೆ. ನೀನೂ ಮಾಡು, ಹಳೆ ಕಂಬಳಿಯಾದರೂ ನಡೆಯುತ್ತದೆ.

ಮಾರುಕಟ್ಟೆಗೆ ಬೆಳಿಗ್ಗೆ ಹೋಗುವ ಹಾಗಿಲ್ಲ. ಅಂಗಡಿ ಮುಚ್ಚುವ ಹೊತ್ತಿಗೆ, ಮಬ್ಬುಗತ್ತಲಲ್ಲಿ, ಬೆಲೆ ಬಿದ್ದಾಗ ಹೋಗಬೇಕು. ಉಳಿದವರು ಬ್ಯಾಟರಿ ಹಿಡಿದು ಹುಳುಕು ಹುಡುಕಿದರೆ ಇವಳು ಟೊಮೇಟೊವನ್ನು ಹೆಬ್ಬೆರಳಲ್ಲಿ ಒತ್ತುತ್ತಾಳೆ, ಮೂಸುತ್ತಾಳೆ, ಬುಟ್ಟಿಗೆ ಹಾಕುತ್ತಾಳೆ. ಒಂದೂ ಕೆಟ್ಟದ್ದು ಬಂದಿಲ್ಲ! ತರಕಾರಿಯವಳು, "ಅಮ್ಮಾ, ನೀವು ಬಂದ್ರೆ ನನಗೆ ಬರೀ ಕೊಳೆತದ್ದೇ ಉಳಿಯುತ್ತೆ" ಎಂದು ಹಣೆ ಚಚ್ಚಿಕೊಳ್ಳುತ್ತಾಳೆ.

ಹಿರಿಯರ ರಿಯಾಯಿತಿ ಕೇಳಿ ಪಡೆಯಬೇಕಂತೆ. ಕೇಳದವರಿಗೆ ಯಾರೂ ಕೊಡುವುದಿಲ್ಲವಂತೆ. ಬಸ್ ಪಾಸಿನ ಸರದಿಯಲ್ಲಿ ನಾನು ಮೀಸೆ ತಿರುವಿಕೊಂಡು ಯುವರಾಜನ ಗತ್ತಿನಲ್ಲಿ ನಿಂತಿದ್ದೆ. ಹಿಂದಿನಿಂದ ಇವಳು ಕೂಗಿದಳು, "ಇವರಿಗೆ ಎಪ್ಪತ್ತೆರಡು! ಎದೆ ಉಬ್ಬಿಸಿರೋದು ನೋಡಿ ಮೋಸ ಹೋಗ್ಬೇಡಿ!" ಇಡೀ ಸಭೆ ನಕ್ಕಿತು. ಪಾಸು ಸಿಕ್ಕಿತು. ಔಷಧಿ ಅಂಗಡಿಯಲ್ಲೂ ಡಾಕ್ಟರನ್ನು ಕೇಳಿಕೊಂಡೇ ಅದೇ ಮದ್ದು, ಅಗ್ಗದ ಡಬ್ಬಿ. ಅಂಚೆ, ಬ್ಯಾಂಕು, ದಿನಸಿ ಎಲ್ಲ ಒಂದೇ ಓಡಾಟದಲ್ಲಿ ಮುಗಿಯಬೇಕು. ಬಿಸಿಲೇರಿದ ಮೇಲೆ ಇಬ್ಬರೂ ಗ್ರಂಥಾಲಯದ ಫ್ಯಾನಿನ ಕೆಳಗೆ. ಪತ್ರಿಕೆ ತರಿಸುವುದು ನಿಂತಿತು. ಅಲ್ಲಿ ನಾನು ಓದಿದ್ದನ್ನು ಸಂಜೆ ಮನೆಯಲ್ಲಿ ಇವಳಿಗೆ ಅಭಿನಯ ಸಮೇತ ಒಪ್ಪಿಸಬೇಕು. "ನೀವು ಹೇಳಿದ್ರೆ ಸುದ್ದಿಗೆ ಉಪ್ಪುಖಾರ ಬರುತ್ತೆ" ಅನ್ನುತ್ತಾಳೆ.

ಟೀವಿಯನ್ನೂ ಕೊಟ್ಟುಬಿಟ್ಟಳಪ್ಪ! "ಮನೇಲೇ ನಾಟಕ ಇರುವಾಗ ಅದ್ಯಾಕೆ?" ಸಂಜೆ ದೀಪ ಹಾಕುವುದಿಲ್ಲ. ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತದೆ, ಪುಕ್ಕಟೆ ರಂಗದೀಪ! ಅದರಲ್ಲಿ ನಿಂತು ನಾನು ದಿನಕ್ಕೊಂದು ದೃಶ್ಯ ಆಡುತ್ತೇನೆ. ಅವಳು ಕುರ್ಚಿಯಲ್ಲಿ ಕೂತು, ಬೇಕಾದ ಜಾಗದಲ್ಲಿ ಬೇಕಾದಷ್ಟೇ ಚಪ್ಪಾಳೆ ತಟ್ಟುತ್ತಾಳೆ. ಇನ್ನು ಅವಳು ಆ ಕತ್ತಲ ಮನೆಯಲ್ಲಿ ಓಡಾಡುವುದನ್ನು ನೀನು ನೋಡಬೇಕಿತ್ತು! ನಾನು ಮೇಜಿಗೆ ಮೊಣಕಾಲು ಬಡಿದುಕೊಂಡು ಅಯ್ಯಯ್ಯೋ ಅನ್ನುವಾಗ ಅವಳು ಒಂದು ಲೋಟಕ್ಕೂ ತಗುಲದೆ ಹೋಗುತ್ತಾಳೆ, ಬರುತ್ತಾಳೆ, ತುಳುಕದ ಹಾಗೆ ಚಹಾ ಬಸಿಯುತ್ತಾಳೆ. ಕತ್ತಲೆಯೇ ದಾರಿ ಬಿಟ್ಟುಕೊಡುತ್ತದೇನೋ ಅನ್ನಿಸುತ್ತದೆ. ರಂಗದ ಮೇಲೆ ಎಷ್ಟೋ ಮಾಯಾವಿಗಳನ್ನು ಕಂಡಿದ್ದೇನೆ, ಎಲ್ಲ ಹೊಗೆ ಮತ್ತು ದಾರದ ಆಟ. ಇದು ಅಂಥದ್ದಲ್ಲ. ಇದರ ಎದುರು ನಾನು ಬಾಯಿಬಿಟ್ಟುಕೊಂಡು ನಿಂತುಬಿಡುತ್ತೇನೆ.

ಈ ವಾರಕ್ಕೆ ಅವಳು ಕೇಳಿದ ವರ್ಷ ಮುಗಿಯಿತು. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ. ಪೆಟ್ಟಿಗೆ ಅಲ್ಲೇ ಗೋಡೆಯ ಬದಿಗೆ ರಾಜಗಾಂಭೀರ್ಯದಿಂದ ಕೂತಿದೆ. ಗೆದ್ದಳು! ನಿನ್ನ ಅತ್ತಿಗೆ ಗೆದ್ದಳು!

ಅವಳಿಗೊಂದು ಬಹುಮಾನ ಬೇಡವೇ? ಇವತ್ತು ನಾಟಕ ಇಲ್ಲ ಎಂದುಕೊಂಡಿದ್ದಾಳೆ. ಆದರೆ ಸಂಜೆ, ಒಂದೂ ಮಾತಿಲ್ಲದೆ, ಮಹಾರಾಜನ ಮರಣದ ದೃಶ್ಯ ಆಡಿ ತೋರಿಸಲಿದ್ದೇನೆ. ನೀನು ತೆರೆಯ ಬದಿಯಲ್ಲಿ ನಿಂತು ಅಳುತ್ತಿದ್ದೆಯಲ್ಲ, ಅದೇ ದೃಶ್ಯ.

ನಿನ್ನ ಮೊಮ್ಮಗಳ ತಲೆಯ ಮೇಲೆ ನನ್ನ ಎರಡೂ ಕೈಗಳ ಆಶೀರ್ವಾದ. ಅವಳು ಸಿಂಹಾಸನವಿಲ್ಲದೆಯೂ ರಾಣಿಯಾಗಿ ಬಾಳಲಿ. ನಿನ್ನ ಮಂಡಿಗೆ ಬಲ ಬರಲಿ.

ಎಂದೆಂದಿಗೂ ನಿನ್ನ,
ಮಹಾರಾಜ

ತಾ.ಕ. ಭಾನುವಾರ. ಕಾಗದ ಇನ್ನೂ ನನ್ನ ಹತ್ತಿರವೇ ಇದೆ.

ಆವತ್ತು ಸಂಜೆ ಆಡಿದೆ ಕಣೋ. ಬರಿಗಾಲಲ್ಲಿ, ಅವಳ ಕುರ್ಚಿಯ ಮುಂದೆಯೇ, ಬೀದಿದೀಪದ ಬೆಳಕಿನಲ್ಲಿ. ಬಾಣ ನಾಟಿತು, ತತ್ತರಿಸಿದೆ, ಆಕಾಶಕ್ಕೆ ಕೈ ಚಾಚಿದೆ. ಕಂಪನಿಯ ಮೇಷ್ಟ್ರು ಕಲಿಸಿದ ಹಾಗೆ ಒಂದಿಷ್ಟೂ ಸದ್ದಿಲ್ಲದೆ, ಎಲೆ ಉದುರಿದಂತೆ ನೆಲಕ್ಕೆ ಬಿದ್ದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಸತ್ತಿರಲಿಲ್ಲ.

ಅವಳು ಮಡಿಲಲ್ಲಿ ಕಾಳು ಸುಲಿಯುತ್ತಿದ್ದಳು. ಮೂಲೆಯ ಸ್ಟೂಲಿನ ಕಡೆ ಮುಖ ತಿರುಗಿಸಿ, "ಬಾಯಿ ಮುಚ್ಕೊಂಡು ಕೂತು ಬೇಜಾರಾಯ್ತೇನ್ರೀ? ಇನ್ನೆರಡೇ ದಿನ ಬಿಡಿ" ಅಂದಳು.

ಆ ಸ್ಟೂಲಿನ ಮೇಲೆ ಯಾರೂ ಇರಲಿಲ್ಲ. ನಾನು ಅವಳ ಕಾಲ ಬಳಿ ಬಿದ್ದಿದ್ದೆ.

ಎರಡೂ ಕಣ್ಣಿಗೆ ಪೊರೆ. ವರ್ಷದ ಮೇಲಾಯಿತಂತೆ. ಅವಳಿಗೆ ದೀಪ ಬೇಕಾಗಿರಲಿಲ್ಲ. ಟೀವಿಯೂ ಪತ್ರಿಕೆಯೂ ಬೇಕಾಗಿರಲಿಲ್ಲ. ಚಪ್ಪಾಳೆ ತಟ್ಟಿದ್ದೆಲ್ಲ ನನ್ನ ದನಿ ಕೇಳಿಕೊಂಡು. ಎಡಗಣ್ಣಿನದು ತಡವಾಗಿದೆ, ಬಲಗಣ್ಣು ಖಂಡಿತ ಬರುತ್ತದೆ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ರೆ ಮಾರನೇ ದಿನವೇ ಪೆಟ್ಟಿಗೆ ಹೋಗ್ತಿತ್ತು. ಅದನ್ನ ಮಾರಿ ಕಣ್ಣು ತರಿಸ್ಕೊಂಡು ಏನು ನೋಡ್ಲಿ ನಾನು?" ಎಂದಳು.

"ನನ್ನನ್ನ ನೋಡೇ!" ಎಂದು ಕೂಗಿದೆ. ಡಾಕ್ಟರ ಮೂರು ದಿನ ಮುಗಿದಿರಲಿಲ್ಲ. ಒಡೆದ ಮಡಕೆಯ ಸದ್ದು ಬಂತು. ಅವಳು ಕೈ ಚಾಚಿ ನನ್ನ ಗಂಟಲು ಮುಟ್ಟಿದಳು.

ನಿನ್ನೆ ಅಂಗಡಿಯವ ಬಂದು ಕಿರೀಟ, ಖಡ್ಗ, ಸೊಂಟಪಟ್ಟಿ, ಪೆಟ್ಟಿಗೆ ಎಲ್ಲ ತೆಗೆದುಕೊಂಡು ಹೋದ. ನಿಲುವಂಗಿಯನ್ನು ಮಾತ್ರ ಮೂಸಿ ನೋಡಿ, "ಇದೇನ್ ಸ್ವಾಮಿ, ಬೇಯಿಸಿದ ಕಾಳಿನ ವಾಸನೆ!" ಎಂದು ಬಿಸಾಡಿದ. ಅದನ್ನೂ ಅವಳೇ ಉಳಿಸಿದಳು ನೋಡು.

ನಾಳೆ ಆಪರೇಷನ್. ಪಟ್ಟಿ ಬಿಚ್ಚುವಾಗ ಆ ಅಂಗಿ ಹೊದ್ದು ಎದುರಿಗೆ ನಿಂತಿರುತ್ತೇನೆ. ಮೀಸೆ ಪೂರಾ ಬೆಳ್ಳಗಾಗಿರುವುದು ಅವಳಿಗೆ ಇನ್ನೂ ಗೊತ್ತಿಲ್ಲ. ನಾನು ಒಂದು ಮಾತೂ ಆಡುವುದಿಲ್ಲ. ಅದೇ ದೃಶ್ಯ, ಅಷ್ಟೇ ಸದ್ದಿಲ್ಲದೆ, ಆಸ್ಪತ್ರೆಯ ನೆಲದ ಮೇಲೆ ಆಡುತ್ತೇನೆ. ಬಿದ್ದಲ್ಲೇ ಬಿದ್ದುಕೊಂಡು ಕಿವಿ ಕೊಟ್ಟು ಕಾಯುತ್ತೇನೆ, ಚಪ್ಪಾಳೆ ಬರುತ್ತದೇನೋ ಎಂದು.