ಒನೇಸಿಮನಿಗೆ ಆಮೇಲೆ ಏನಾಯಿತು

ಫೆಬ್ರವರಿ 3, ಸೋಮವಾರ

ಮತ್ತೆ ಬೈಬಲಿನ ವಿಮೋಚನಕಾಂಡ, ಇಪ್ಪತ್ತೊಂದನೇ ಅಧ್ಯಾಯ. ಬೆಳಗ್ಗೆಯಿಂದ ಅದೇ ಎರಡು ವಚನ. ಯಜಮಾನ ಕೋಲಿನಿಂದ ಹೊಡೆದು ಆಳು ಅಲ್ಲೇ ಸತ್ತರೆ ಯಜಮಾನನಿಗೆ ಶಿಕ್ಷೆ. ಒಂದೆರಡು ದಿನ ಜೀವ ಹಿಡಿದುಕೊಂಡಿದ್ದರೆ ಶಿಕ್ಷೆ ಇಲ್ಲ. ಅವನ ಸ್ವತ್ತು ತಾನೆ! ಇದಕ್ಕೆ ನಾನು ಟಿಪ್ಪಣಿ ಬರೆಯಬೇಕು. ಪುಟದ ಕೆಳಗೆ, ಸಣ್ಣ ಅಕ್ಷರ, ನಾಲ್ಕು ಸಾಲು ಮೀರಬಾರದು. ಇಂದಿನ ಓದುಗರ ಮನಸ್ಸು ಕದಡಬಾರದು — ಇದು ಸಮಿತಿಯ ನಿಯಮ. ಹೊಸ ವ್ಯಾಖ್ಯಾನ ಬೈಬಲ್ ಬರುತ್ತಿದೆಯಲ್ಲ, ಕಷ್ಟದ ಭಾಗಗಳೆಲ್ಲ ನನ್ನ ಪಾಲಿಗೆ. ಚರ್ಚಿನ ಮುದ್ರಣಾಲಯದಲ್ಲಿ ನನ್ನನ್ನು ಇಟ್ಟುಕೊಂಡಿರುವುದೇ ಮುಳ್ಳು ಕೀಳುವುದಕ್ಕೆ.

ಬರೆದೆ: "ಆ ಕಾಲದ ಬೇರೆ ಕಾನೂನುಗಳಿಗೆ ಹೋಲಿಸಿದರೆ ಇದು ಆಳುಗಳಿಗೆ ಎಷ್ಟೋ ರಕ್ಷಣೆ ನೀಡಿತು." ಮನೆಗೆ ಬಂದು ಅಮ್ಮನಿಗೆ ಓದಿದೆ. ನನ್ನ ಮೊದಲ ಓದುಗರು ಅಮ್ಮನೇ. ಭೂತಗನ್ನಡಿ ಕೆಳಗಿಟ್ಟಳು.

"ಅಂದ್ರೆ, ನಿಧಾನವಾಗಿ ಸಾಯೋ ಹಾಗೆ ಹೊಡೀಬಹುದು ಅಂತಾನಾ?"

"ಅಮ್ಮ, ಆ ಕಾಲಕ್ಕೆ ಅದು—"

"ಆ ಕಾಲದಲ್ಲಿ ಪೆಟ್ಟು ಬಿದ್ರೆ ನೋವಾಗ್ತಿರ್ಲಿಲ್ವೇನೆ?"

ಇವಳ ಜೊತೆ ವಾದ ಮಾಡಿ ಗೆದ್ದವರಿಲ್ಲ. ಬ್ರೆಡ್ಡು ಕಾಯಿಸಿ ಕೊಟ್ಟು ಬಾಯಿ ಮುಚ್ಚಿಸಿದೆ. ಟಿಪ್ಪಣಿ ಮಾತ್ರ ಹಾಗೇ ಬಿಟ್ಟೆ.

ಫೆಬ್ರವರಿ 6, ಗುರುವಾರ

ಇವತ್ತು ಪ್ರಯೋಗ ಓದು. ಅಚ್ಚಿಗೆ ಹೋಗುವ ಮುಂಚೆ ಸಾಮಾನ್ಯ ಜನರ ಮುಂದೆ ಟಿಪ್ಪಣಿಗಳನ್ನು ಓದಿ, ಅರ್ಥವಾಯಿತೇ ಎಂದು ಕೇಳುವ ಪದ್ಧತಿ. ಜಾಗ — ಸಮಿತಿಯ ಅಧ್ಯಕ್ಷರ ಮನೆ. ಹಲ್ಲಿನ ಡಾಕ್ಟರು, ಈಗ ರಿಟೈರ್ಡು, ಜನರ ಬಾಯಿಗೆ ಕೈ ಹಾಕುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಸೋಫಾದಲ್ಲಿ ಸಾಮಾನ್ಯ ಜನರು ಅಂತ ಕೂತಿದ್ದವರು ಅವರ ಹೆಂಡತಿ, ಪಾಸ್ಟರ್, ಇಬ್ಬರು ರಿಟೈರ್ಡ್ ಮೇಷ್ಟ್ರುಗಳು. ಇನ್ನೂ ಸಾಮಾನ್ಯರು ಬೇಕೆನ್ನಿಸಿತೇನೋ, ಟೀ ತಂದವಳನ್ನೂ ಡಾಕ್ಟರು ಕೂರಿಸಿದರು.

"ಇವಳು ಕೆಲಸದೋಳು ಅನ್ಕೋಬೇಡಿ ಮತ್ತೆ. ನಮ್ಮ ಮನೆಮಗಳು. ಚಿಕ್ಕೋಳಾಗಿದ್ದಾಗ ಬಂದೋಳು, ನಮ್ಮನ್ನ ಬಿಟ್ಟು ಇರೋದೇ ಇಲ್ಲ."

ಮನೆಮಗಳಿಗೆ ಈಗ ಮೂವತ್ತೈದಾದರೂ ಇರಬೇಕು. ಅಡುಗೆಮನೆ ಬಾಗಿಲ ಪಕ್ಕದ ಸ್ಟೂಲಿನ ತುದಿಯಲ್ಲಿ ಕೂತಳು.

ಓದಿದೆ. ಬಿಡುಗಡೆಯ ವರ್ಷ ಬಂದಾಗ ಆಳು 'ನನಗೆ ಯಜಮಾನನ ಮೇಲೆ ಪ್ರೀತಿ, ಹೋಗುವುದಿಲ್ಲ' ಎಂದರೆ, ಅವನನ್ನು ಬಾಗಿಲಿಗೆ ಒರಗಿಸಿ ದಬ್ಬಳದಿಂದ ಕಿವಿ ಚುಚ್ಚಬೇಕು, ಆಮೇಲೆ ಸಾಯುವವರೆಗೂ ಅಲ್ಲೇ — ಆ ಭಾಗ. ಡಾಕ್ಟರ ಹೆಂಡತಿ ಗಹಗಹಿಸಿ ನಕ್ಕರು.

"ಅಯ್ಯೋ, ನಾವೂ ಹಾಗೇ ಮಾಡಿದೀವಿ ನೋಡಿ! ನಮ್ಮೋಳಿಗೂ ಕಿವಿ ಚುಚ್ಚಿಸಿ ಬಂಗಾರದ ಓಲೆ ಹಾಕಿದ್ದು ನಾನೇ. ತೋರಿಸೇ ಎಲ್ರಿಗೂ."

ಅವಳು ತೋರಿಸಿದಳು. ಕೂದಲು ಸರಿಸಿ, ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು. ಮೇಷ್ಟ್ರುಗಳು "ಭೇಷ್" ಅಂದರು. ಬಿಸ್ಕತ್ತು ಬಾಯಲ್ಲೇ ಉಳಿಯಿತು. ಉಗುಳುವುದಕ್ಕೂ ಆಗದೆ ನುಂಗುವುದಕ್ಕೂ ಆಗದೆ ಮುಂದಿನ ಟಿಪ್ಪಣಿ ಓದಿದೆ.

ಮುಂದಿನದು ಧರ್ಮೋಪದೇಶಕಾಂಡ: ಯಜಮಾನನಿಂದ ಓಡಿಬಂದವನನ್ನು ಹಿಂದಕ್ಕೊಪ್ಪಿಸಬಾರದು, ಅವನು ಇಷ್ಟಪಟ್ಟಲ್ಲಿ ಇರಲಿ. ಈ ಟಿಪ್ಪಣಿ ಬಗ್ಗೆ ನನಗೆ ಹೆಮ್ಮೆ. ಸ್ವಲ್ಪ ಧ್ವನಿ ಏರಿಸಿಯೇ ಓದಿದೆ. ಕೊನೆಗೆ ಹೊಸ ಒಡಂಬಡಿಕೆಯಿಂದ, ಪೌಲನು ಫಿಲೆಮೋನನೆಂಬ ಯಜಮಾನನಿಗೆ ಬರೆದ ಪತ್ರ. ಓಡಿಬಂದಿದ್ದ ಆಳು ಒನೇಸಿಮನನ್ನು ಪೌಲನು ಯಜಮಾನನ ಬಳಿಗೇ ಕಳಿಸಿದ್ದು, ಆಳಾಗಿ ಅಲ್ಲ ತಮ್ಮನಾಗಿ ಸ್ವೀಕರಿಸು ಎಂದು ಬರೆದದ್ದು. ಅದಕ್ಕೆ ನನ್ನ ಟಿಪ್ಪಣಿ: "ಹಿಂದಿರುಗುವುದೇ ಸಮಾಧಾನದ ದಾರಿ. ಯಜಮಾನನು ಅವನನ್ನು ಪ್ರೀತಿಯಿಂದ ಬರಮಾಡಿಕೊಂಡನು." ಡಾಕ್ಟರಿಗೆ ತುಂಬಾ ಹಿಡಿಸಿತು. ಎರಡು ಸಲ ಓದಿಸಿದರು.

ಮನೆಗೆ ಬಂದು ಸೋಪು ಹಾಕಿ ಕೈ ತೊಳೆದೆ. ಏಕೆಂದು ಗೊತ್ತಿಲ್ಲ.

ಫೆಬ್ರವರಿ 9, ಭಾನುವಾರ, ಬೆಳಗ್ಗೆ

ಚರ್ಚಿಗೆ ಹೋಗಲಿಲ್ಲ. ಅಮ್ಮನ ಕೂದಲು ಬಾಚುತ್ತಿದ್ದೆ, ಬೆಲ್ಲು. ನೋಡಿದರೆ ಮನೆಮಗಳು. ಕೈಯಲ್ಲಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ. ಕಾಲಲ್ಲಿ ಮನೆಯೊಳಗೆ ಹಾಕುವ ಹವಾಯಿ ಚಪ್ಪಲಿ.

"ಅವ್ರು ಚರ್ಚಿಗೆ ಹೊರಟ್ರು ಅಕ್ಕ. ನಾನು ಬಂದ್ಬಿಟ್ಟೆ."

"ಎಲ್ಲಿಗೆ ಬಂದ್ಬಿಟ್ಟೆ?"

"ಇಲ್ಲಿಗೆ. ನೀವೇ ಓದಿದ್ರಲ್ಲ, ಓಡಿ ಬಂದೋರನ್ನ ವಾಪಸ್ ಕಳಿಸ್ಬಾರ್ದು ಅಂತ."

ನಿಂತಲ್ಲೇ ನಿಂತೆ. ಇಷ್ಟು ವರ್ಷ ಟಿಪ್ಪಣಿ ಬರೆದಿದ್ದೇನೆ. ಓದಿದವರು ಚೆನ್ನಾಗಿದೆ ಎಂದಿದ್ದಾರೆ, ಉದ್ದವಾಯಿತು ಎಂದಿದ್ದಾರೆ. ನಾನು ಬರೆದದ್ದನ್ನು ನಂಬಿ ಚೀಲ ಕಟ್ಟಿಕೊಂಡು ಹೊರಟವರು ಒಬ್ಬರೂ ಇರಲಿಲ್ಲ. ಹೆದರಿಕೆಯಾಯಿತು. ಒಳಗೆ ಬಾ ಎಂದದ್ದು ನಾನಲ್ಲ, ಅಮ್ಮ. ಅರ್ಧ ಬಾಚಿದ ತಲೆಯಲ್ಲೇ ಎದ್ದು ಬಂದಿದ್ದಳು.

ಟೀ ಕೊಟ್ಟಮೇಲೆ ಒಂದೊಂದಾಗಿ ಹೇಳಿದಳು. ಬೇರೆ ಊರಲ್ಲಿ ಸ್ವಂತ ಅಕ್ಕ ಇದ್ದಾಳೆ, ಬಾ, ಜೊತೆಗಿರು ಎಂದು ಕರೆಯುತ್ತಲೇ ಇದ್ದಾಳೆ. ಡಾಕ್ಟರ ಮನೆಯವರು ಇಲ್ಲ ಅನ್ನುವುದಿಲ್ಲ. ಮಗನ ಪರೀಕ್ಷೆ ಮುಗಿಯಲಿ, ಮಗಳ ಮದುವೆ ಆಗಲಿ, ಆಂಟಿಯ, ಅಂದರೆ ಡಾಕ್ಟರ ಹೆಂಡತಿಯ, ಮಂಡಿ ಆಪರೇಷನ್ ಆಗಲಿ. ಎಲ್ಲ ಆಯಿತು. ಈಗ ಮೊಮ್ಮಗು ನಡೆಯಲಿ. ಫೋನು ಆಂಟಿಯ ಬೀರುವಿನಲ್ಲಿ — ಕಳೆದುಹೋಗುತ್ತದೆ ಎಂದು. ಸಂಬಳವೂ ಜೋಪಾನವಾಗಿ ಎಲ್ಲೋ ಇದೆಯಂತೆ.

"ಹೊಡೀತಾರಾ?" ಅಮ್ಮ ಕೇಳಿದಳು.

"ಛೆ ಛೆ. ತುಂಬಾ ಒಳ್ಳೇ ಜನ."

ಹೊಡೆದಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ. ಒಳ್ಳೆಯ ಜನ! ಥೂ.

ಅವಳ ಹೆಸರು ಇವತ್ತು ಕೇಳಿದೆ. ಇಲ್ಲಿ ಬರೆಯುವುದಿಲ್ಲ, ಯಾರ ಕೈಗಾದರೂ ಸಿಕ್ಕೀತು.

ಅದೇ ದಿನ, ಸಂಜೆ

ಪಾಸ್ಟರ್ ಬಂದರು. ಸುದ್ದಿ ಅವರಿಗೆ ಹೇಗೆ ಮುಟ್ಟಿತು ಎಂದರೆ — ಈ ಬೀದಿಯಲ್ಲಿ ಎಲ್ಲ ಕಿಟಕಿಗೂ ಬಾಯಿದೆ. ಮನೆಮಗಳು ರೂಮಿನೊಳಗೆ, ಬಾಗಿಲು ಅರ್ಧ ತೆರೆದು.

"ಡಾಕ್ಟರಿಗೆ ಎಷ್ಟು ನೋವಾಗಿದೆ ಗೊತ್ತಾ? ಮಗಳು ಓಡಿಹೋದ ಹಾಗಾಗಿದೆ."

"ಮಗಳು ಅಕ್ಕನ ಮನೆಗೆ ಹೋಗಬೇಕಂತೆ ಪಾಸ್ಟರ್. ಕಳಿಸಿಕೊಡಲಿ."

"ಹೋಗ್ಲಿ, ಯಾರು ಬೇಡ ಅಂದ್ರು? ಆದ್ರೆ ಹೀಗೆ ಕದ್ದು ಬರೋದಾ? ಮೊದ್ಲು ವಾಪಸ್ ಹೋಗ್ಲಿ, ಸಮಾಧಾನ ಮಾಡ್ಕೊಳ್ಳಿ, ಆಮೇಲೆ ನೋಡೋಣ. ನೀವೇ ಎಷ್ಟು ಚೆನ್ನಾಗಿ ಬರ್ದಿದೀರಲ್ಲ, ಹಿಂದಿರುಗುವುದೇ ಸಮಾಧಾನದ ದಾರಿ ಅಂತ. ಪೌಲನ ಹಾಗೆ ನೀವೂ ಒಂದು ಕಾಗದ ಕೊಟ್ಟು ಕಳಿಸಿ. ಡಾಕ್ಟರು ನಿಮ್ಮ ಮಾತಿಗೆ ಬೆಲೆ ಕೊಡ್ತಾರೆ."

ನನ್ನ ಟಿಪ್ಪಣಿ ಅವರ ಬಾಯಲ್ಲಿ ಎಷ್ಟು ನುಣ್ಣಗಿತ್ತು. ಧರ್ಮೋಪದೇಶಕಾಂಡದ್ದೂ ಇದೆಯಲ್ಲ ಎಂದೆ. "ಅದು ಹಳೇ ಒಡಂಬಡಿಕೆ" ಎಂದು ಕೈ ಝಾಡಿಸಿದರು. ಕಿವಿ ಚುಚ್ಚುವ ಭಾಗವೂ ಹಳೇದೇ, ಅಲ್ಲಿ ಮಾತ್ರ ಎಲ್ಲರೂ ನಕ್ಕಿದ್ದರು.

ಮಂಗಳವಾರ ಬರುತ್ತೇನೆ, ಕಾಗದ ಬರೆದಿಡಿ ಎಂದು ಹೋದರು. ಹೋಗುವಾಗ ಪ್ರಾರ್ಥನೆ ಬೇರೆ. ಕಣ್ಣು ಮುಚ್ಚಲಿಲ್ಲ ನಾನು.

ಫೆಬ್ರವರಿ 10, ಸೋಮವಾರ

ಆಫೀಸಿನಲ್ಲಿ ಡಾಕ್ಟರ ಫೋನು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮ ಕೆಲಸ ಸಮಿತಿಗೆ ಅಮೂಲ್ಯ. ಮುಂದಿನ ಸಂಪುಟಕ್ಕೂ ನೀವೇ ಇರಬೇಕು ಅಂತ ನನ್ನ ಆಸೆ" ಎಂದು ನಿಲ್ಲಿಸಿದರು. ಅರ್ಥವಾಯಿತು. ಈ ಕೆಲಸ ಹೋದರೆ ಅಮ್ಮನೂ ನಾನೂ ವಚನ ತಿಂದು ಬದುಕಬೇಕು.

ಮಧ್ಯಾಹ್ನ ಮನೆಗೆ ಡಾಕ್ಟರ ಹೆಂಡತಿ ಫೋನ್ ಮಾಡಿ ಅತ್ತಿದ್ದಾರೆ. ಅಮ್ಮ ಎತ್ತುವ ಮುಂಚೆ ಮನೆಮಗಳೇ ಎತ್ತಿಬಿಟ್ಟಿದ್ದಾಳೆ. ಫೋನ್ ಎತ್ತುವುದು ಅವಳಿಗೆ ರೂಢಿ. ನಾನು ಬರುವಾಗ ಚೀಲ ಹಿಡಿದು ನಿಂತಿದ್ದಳು.

"ಆಂಟಿಗೆ ಬಿಪಿ ಮಾತ್ರೆ ಯಾವ್ದು ಅಂತ ಗೊತ್ತಾಗ್ತಿಲ್ವಂತೆ ಅಕ್ಕ. ಸಕ್ಕರೆ ಡಬ್ಬಿ ಕೂಡ ಸಿಗ್ತಿಲ್ವಂತೆ. ಪಾಪ. ನಾನು ಒಂದ್ಸಲ ಹೋಗಿ—"

"ಹೋಗಕೂಡದು! ಸುಮ್ನೆ ಒಳಗೆ ಹೋಗು!"

ಕಿರುಚಿದೆ. ಅವಳು ತಕ್ಷಣ ಹೋದಳು. ತಲೆ ತಗ್ಗಿಸಿ, ಸದ್ದಿಲ್ಲದೆ. ಎಷ್ಟು ಚೆನ್ನಾಗಿ ಪಳಗಿಸಿದ್ದಾರೆ! ಅದರ ಲಾಭ ಈಗ ನನಗೆ. ನನ್ನ ಗಂಟಲಿನ ಮೇಲೇ ಅಸಹ್ಯವಾಯಿತು.

ಅಮ್ಮ ಕುರ್ಚಿಯಿಂದ ಎದ್ದಳು. ಕೇಳಿದಳು: "ಅವಳೇನು ನಿನ್ನ ಆಳಾ?" ಮನೆಯ ಬೀಗದ ಕೈ ತೆಗೆದುಕೊಂಡು ಹೋಗಿ ಅವಳ ಕೈಯಲ್ಲಿಟ್ಟು ಬಂದಳು. ಬೇಕಾದಾಗ ಬಾ, ಬೇಕಾದಾಗ ಹೋಗು ಎಂದಳು.

ಇಷ್ಟಾದರೂ ಸಂಜೆ ಕೂತು ಕಾಗದ ಬರೆದೆ. ಹೌದು, ಬರೆದೆ. ಹೆದರಿಕೊಂಡು. "ಇವಳನ್ನು ಆಳಾಗಿ ಅಲ್ಲ, ಮಗಳಾಗಿ…" ಸಾಲುಗಳು ನೀರು ಹರಿದ ಹಾಗೆ ಬಂದವು. ಇಂಥ ಮಾತು ಬರೆಯುವುದೇ ನನ್ನ ಕಸುಬಲ್ಲವೇ.

ಫೆಬ್ರವರಿ 11, ಮಂಗಳವಾರ

ಬೆಳಗ್ಗೆ ಕಾಗದ ಅವಳಿಗೆ ಓದಿ ಹೇಳಿದೆ. ಅವಳ ವಿಷಯ, ಅವಳಿಗೆ ಗೊತ್ತಿರಲಿ ಎಂದು. ಅಡುಗೆಮನೆಯಲ್ಲಿ ಮೊಟ್ಟೆ ಬೇಯುತ್ತಿತ್ತು. ಪೂರ್ತಿ ಕೇಳಿ, ಗ್ಯಾಸ್ ಸಣ್ಣ ಮಾಡಿ, ಕೇಳಿದಳು:

"ಅವನಿಗೆ ಆಮೇಲೆ ಏನಾಯ್ತು ಅಕ್ಕ? ಆ ಒನೇಸಿಮಂಗೆ?"

"ಯಜಮಾನ ಪ್ರೀತಿಯಿಂದ…" ಎಂದು ಶುರು ಮಾಡಿದೆ. ನಿಂತೆ. ಒಳಗೆ ಹೋಗಿ ಬೈಬಲ್ ತಂದೆ. ಒಂದೇ ಪುಟದ ಪತ್ರ, ಎಷ್ಟು ಸಲ ಓದಿದ್ದೇನೆ. ಮತ್ತೆ ಓದಿದೆ. ಪೌಲ ಕೇಳಿಕೊಳ್ಳುತ್ತಾನೆ, ನಿನ್ನ ಮೇಲೆ ಭರವಸೆಯಿದೆ ಅನ್ನುತ್ತಾನೆ, ನನಗೊಂದು ರೂಮು ಸಿದ್ಧ ಮಾಡು ಅನ್ನುತ್ತಾನೆ, ಎಲ್ಲರ ವಂದನೆ ಹೇಳುತ್ತಾನೆ. ಮುಗಿಯಿತು. ಯಜಮಾನ ಬಾಗಿಲು ತೆರೆದನೋ, ಕೋಲು ತೆಗೆದನೋ — ಒಂದಕ್ಷರ ಇಲ್ಲ.

ಬರಮಾಡಿಕೊಂಡನು ಎಂದು ಸೇರಿಸಿದವಳು ನಾನು. ಯಾರೂ ಹೇಳಿಕೊಟ್ಟದ್ದಲ್ಲ. ಟಿಪ್ಪಣಿಯ ಕೊನೆಗೆ ಹಿತವಾದ ಒಂದು ಸಾಲು ಇರಬೇಕು, ಹಾಗೆ ಕೈ ತಾನಾಗಿ ಬರೆದದ್ದು. ಸಮಿತಿ ಓದಿತು, ಪಾಸ್ಟರ್ ಓದಿದರು, ಇಬ್ಬರು ಮೇಷ್ಟ್ರುಗಳು ತಲೆಯಾಡಿಸಿದರು. ಎಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ. ಎಲ್ಲರಿಗೂ ಅದೇ ಬೇಕಿತ್ತು. ನನಗೂ.

"ಗೊತ್ತಿಲ್ಲ ಕಣಮ್ಮ. ಬರ್ದಿಲ್ಲ."

"ಅವತ್ತು ಓದಿದ್ರಲ್ಲ, ಚೆನ್ನಾಗಿ ನೋಡ್ಕೊಂಡ ಅಂತ?"

"ಅದು ನಾನೇ ಸೇರಿಸಿದ್ದು."

ಅವಳು ನನ್ನನ್ನೇ ನೋಡಿದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

"ಗೊತ್ತಿಲ್ದೇನೆ ಕಳಿಸಿದ್ನಾ ಆ ಪೌಲ?"

"ಹ್ಞೂಂ."

"ನೀವೂನಾ?"

ಮೊಟ್ಟೆ ಒಡೆದು ನೀರೆಲ್ಲ ಬೆಳ್ಳಗಾಯಿತು. ಕಾಗದ ಹರಿದೆ, ನಾಲ್ಕು ಚೂರು, ಎಂಟು ಚೂರು, ಮೊಟ್ಟೆ ಸಿಪ್ಪೆಯ ಜೊತೆ ಕಸದ ಬುಟ್ಟಿಗೆ. ಏನು ಮಾಡ್ತೀಯ ಎಂದು ಕೇಳಿದೆ. ಹೀಗೆ ಮಾಡು ಎಂದು ಹೇಳಲಿಲ್ಲ, ಕೇಳಿದೆ.

"ನಮ್ಮಕ್ಕನ ಹತ್ರ ಹೋಗ್ತೀನಿ. ಆಂಟಿ ಮಾತ್ರೆ ಬಿಳೀ ಡಬ್ಬೀಲಿದೆ, ಸಕ್ಕರೆ ಮೇಲಿನ ಶೆಲ್ಫಲ್ಲಿ. ಅಷ್ಟು ಅವ್ರಿಗೆ ಹೇಳ್ಬಿಡಿ."

ಪಾಸ್ಟರ್ ಸಂಜೆ ಬಂದಾಗ ಕಾಗದ ಇನ್ನೂ ಆಗಿಲ್ಲ, ನಾಳೆ ಬನ್ನಿ ಎಂದೆ. ಒಳ್ಳೆಯ ಕಾಗದಕ್ಕೆ ಸಮಯ ಬೇಕು ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಫೆಬ್ರವರಿ 12, ಬುಧವಾರ

ಬೆಳಗ್ಗೆ ಮೊದಲ ಬಸ್ಸಿಗೆ ಹೋದಳು. ನನ್ನ ಚಪ್ಪಲಿ ಕೊಟ್ಟೆ, ಸ್ವಲ್ಪ ದೊಡ್ಡದಾಯಿತು. ಬೀಗದ ಕೈ ಹಿಂದಕ್ಕೆ ಕೊಡಲು ಬಂದಳು, ಇಟ್ಟುಕೋ ಎಂದಳು ಅಮ್ಮ.

ಹತ್ತು ಗಂಟೆಗೆ ಕಾರು. ಡಾಕ್ಟರು, ಪಾಸ್ಟರ್, ಇಬ್ಬರೂ. ಡಾಕ್ಟರು ಒಂದು ಸೀರೆ ತಂದಿದ್ದರು, ಗಿಫ್ಟ್ ಪೇಪರ್ ಸುತ್ತಿ.

"ಎಲ್ಲಿ ನಮ್ಮ ಹುಡುಗಿ?"

ಕುರ್ಚಿಯಲ್ಲಿದ್ದ ಅಮ್ಮ — ನಾನು ಚಿಕ್ಕವಳಿದ್ದಾಗ ಒಂದು ಸುಳ್ಳಿಗೆ ಬಾಯಿಗೆ ಸೋಪು ತಿಕ್ಕಿದ್ದ ಅಮ್ಮ — ಭೂತಗನ್ನಡಿ ಒರೆಸುತ್ತ ಹೇಳಿದಳು:

"ನಿಮ್ಮನೆಗೇ ಹೊರಟಳಲ್ಲಪ್ಪಾ. ದಾರೀಲಿ ಸಿಗಲಿಲ್ವಾ?"

ಓಡಿದರು. ಸೀರೆ ಸೋಫಾದ ಮೇಲೆ ಮರೆತೇ ಹೋದರು. ಅಮ್ಮ ಬೈಬಲ್ ತೆರೆದು, ಎಲ್ಲಿಗೆ ನಿಲ್ಲಿಸಿದ್ದಳೋ ಅಲ್ಲಿಂದ ಓದತೊಡಗಿದಳು.

ಟಿಪ್ಪಣಿ ತಿದ್ದಿದೆ. "ಯಜಮಾನನು ಏನು ಮಾಡಿದನೆಂದು ಎಲ್ಲಿಯೂ ಹೇಳಿಲ್ಲ." ಅಷ್ಟೇ, ಒಂದೇ ಸಾಲು. ವಿಮೋಚನಕಾಂಡದ್ದೂ ಹೊಡೆದು ಹಾಕಿದೆ. ಅಲ್ಲಿ ಬರೆದೆ: "ಇದು ಕ್ರೂರ. ಇದನ್ನು ಸರಿಯೆನ್ನಿಸಲು ಈ ಟಿಪ್ಪಣಿಗೆ ಆಗುವುದಿಲ್ಲ." ಎರಡನ್ನೂ ಸಮಿತಿಗೆ ಕಳಿಸಿದೆ. ಕೆಲಸ ಹೋಯಿತೆಂದೇ ಲೆಕ್ಕ.

ಅದೇ ದಿನ, ಸಂಜೆ

ಫೋನ್ ಬಂತು, ಅವಳ ಅಕ್ಕನ ಫೋನಿನಿಂದ.

"ತಲುಪಿದೆ ಅಕ್ಕ."

"ಊಟ ಆಯ್ತಾ? ಏನ್ ಮಾಡ್ತಿದೀಯ?"

"ಏನೂ ಇಲ್ಲ." ಆಮೇಲೆ, ತನಗೇ ನಂಬಿಕೆಯಿಲ್ಲದವಳ ಹಾಗೆ: "ಸುಮ್ನೆ ಕೂತಿದೀನಿ."

ಅತ್ತೆ. ಅಮ್ಮನ ಮುಂದೆಯೇ.

ಕಾರಿನ ಸದ್ದು. ಅವರೇ. ಮತ್ತೆ ಬಾಗಿಲು ಬಡಿಯುತ್ತಿದ್ದಾರೆ. ಅಮ್ಮ ಏಳಲು ನೋಡಿದಳು, ಕೂರಿಸಿದೆ. ಅವಳ ಪಾಲಿನ ಸುಳ್ಳು ಮುಗಿಯಿತು. ಈ ಸಲ ನಿಜವನ್ನೇ ಹೇಳುತ್ತೇನೆ. ಎಲ್ಲಿದ್ದಾಳೆ ಎಂದು ನನಗೆ ಗೊತ್ತು, ನಿಮಗೆ ಹೇಳುವುದಿಲ್ಲ.